ಜೋಗ ಒಂದೇ, ನೋಡಿದವರ ಮಾತು ಮೂರು

ನಮ್ಮ ಮನೆಯಲ್ಲಿ ಜೋಗದ ಮಾತು ಬಂದರೆ ವಾದ ಶುರು. ಮಾವ ನೋಡಿದ್ದು ಒಂದು ಏಪ್ರಿಲ್‌ನಲ್ಲಿ. "ಬಂಡೆ ಮ್ಯಾಲೆ ಯಾರೋ ಪಂಚೆ ಒಣಗಾಕಿದಂಗಿತ್ತು ನೋಡವ್ವ" ಅನ್ನುತ್ತಾರೆ. ಭಾವ ಹೋಗಿದ್ದು ಜುಲೈ ಕೊನೆಯಲ್ಲಿ. ಎರಡು ತಾಸು ಕೊಡೆ ಹಿಡಿದು ನಿಂತರೂ ಮಂಜು ಸರಿಯಲಿಲ್ಲ. "ನಾವು ಸದ್ದು ಕೇಳಿ ಬಂದ್ವಿ" ಅನ್ನೋದು ಅವರ ಮಾತು. ನಾನು ಮತ್ತು ನಮ್ಮ ಮನೆಯವರು ಹೋಗಿದ್ದು ಸೆಪ್ಟೆಂಬರ್‌ನಲ್ಲಿ. ಆ ವರ್ಷ ಮಳೆ ಜೋರಾಗಿತ್ತು, ಲಿಂಗನಮಕ್ಕಿ ಗೇಟು ತೆಗೆದಿದ್ದರು. ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ 830 ಅಡಿ ಮೇಲಿಂದ ಒಟ್ಟಿಗೆ ಬೀಳುತ್ತಿದ್ದವು. ಎದುರಿಗೆ ನಿಂತ ನಮ್ಮ ಮುಖವೆಲ್ಲ ಒದ್ದೆ. ನನ್ನ ಕಣ್ಣಿಗೆ ಇವತ್ತಿಗೂ ಅದೇ ಜೋಗ.

ಮೂರು ಜನ ಹೇಳೋದೂ ನಿಜ. ಶರಾವತಿ ನೀರನ್ನು ಮೇಲೆಯೇ ಹಿಡಿದು ಕರೆಂಟಿಗೆ ಬಳಸುತ್ತಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಮೇಲೆ, ಜೋಗ ಮೈದುಂಬಬೇಕು ಅಂದರೆ ಒಳ್ಳೆ ಮಳೆ ಆಗಬೇಕು, ಇಲ್ಲ ಮೇಲೆ ಗೇಟು ತೆಗೆಯಬೇಕು. ಇದನ್ನು ಮಾವನಿಗೆ ಯಾರೂ ಹೇಳಿರಲಿಲ್ಲ. ಜೋಗ ನೋಡಲೇಬೇಕು ಅಂತ ಮಾತ್ರ ಹೇಳಿ ಕಳಿಸಿದ್ದರು.

ನಾನು ಹುಟ್ಟಿ ಬೆಳೆದದ್ದು ದುರ್ಗದಲ್ಲಿ, ಅಂದರೆ ಚಿತ್ರದುರ್ಗದಲ್ಲಿ, ಮದುವೆಯಾಗಿ ಬಂದದ್ದು ದಾವಣಗೆರೆಗೆ. ಒಂಬತ್ತು ವರ್ಷದಿಂದ ಮನೆಮಂದಿಯ ಪ್ರವಾಸದ ಜವಾಬ್ದಾರಿ ನನ್ನದು. ಟೆಂಪೊ ಟ್ರಾವೆಲರ್ ಗೊತ್ತು ಮಾಡೋದು, ರೂಮು ನೋಡೋದು, ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಬುತ್ತಿ ಕಟ್ಟೋದು, ಘಾಟಿಯಲ್ಲಿ ವಾಂತಿ ಬರೋರನ್ನ ಮುಂದಿನ ಸೀಟಿಗೆ ಕೂರಿಸೋದು. ಮೊದಲ ಎರಡು ವರ್ಷ ಯಾರು ಯಾವ ಜಾಗ ಚೆನ್ನಾಗಿದೆ ಅಂದರೂ ಅಲ್ಲಿಗೇ ಹೊರಡಿಸುತ್ತಿದ್ದೆ. ವಾಪಸ್ ಬಂದಮೇಲೆ ಅರ್ಧ ಜನರ ಮುಖ ಅರಳಿರುತ್ತಿತ್ತು, ಅರ್ಧ ಜನ ದುಡ್ಡು ದಂಡ ಅನ್ನುತ್ತಿದ್ದರು. ಯಾಕೆ ಹೀಗೆ ಅಂತ ನಿಜವಾಗಿ ಯೋಚನೆಗೆ ಹಚ್ಚಿದ್ದು ಊಟಿ.

2019ರ ಮೇ. ಹದಿನಾಲ್ಕು ಜನ, ನಾಲ್ಕು ದಿನ. ಮೈಸೂರಲ್ಲಿ ರಾತ್ರಿ ಉಳಿದು, ನಸುಕಿಗೇ ಎದ್ದು ಹೊರಟೆವು. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂದ್ ಇರುತ್ತೆ. ಗೇಟು ತೆಗೆಯೋ ಹೊತ್ತಿಗೆ ಸರಿಯಾಗಿ ತಲುಪಿ ಕಾಡು ದಾಟಿದೆವು. ಆನೆ ಕಂಡಿತು, ಜಿಂಕೆ ಕಂಡವು, ಎಲ್ಲರೂ ಖುಷಿ. ಆಮೇಲೆ ಶುರುವಾಯಿತು ಗಾಡಿಗಳ ಸಾಲು. ಊಟಿಯೊಳಗೆ ಹೋದರೆ ಬೋಟಿಂಗಿಗೆ ಸಾಲು, ಊಟಕ್ಕೆ ಸಾಲು, ಬಾತ್‌ರೂಮಿಗೂ ಸಾಲು. ದೊಡ್ಡಬೆಟ್ಟ 2,637 ಮೀಟರ್ ಎತ್ತರ ಅಂತ ಮಕ್ಕಳಿಗೆ ಹೇಳಿ ಹತ್ತಿಸಿದೆ. ಮೇಲೆ ಬರೀ ಮೋಡ.

ಅತ್ತೆಗೆ ಆಗ 66. ಮಾರನೇ ದಿನ ಅವರನ್ನು ಊಟಿಯಿಂದ ಕೂನೂರಿಗೆ ಬೆಟ್ಟದ ರೈಲು ಹತ್ತಿಸಿದೆವು. 1908ರಲ್ಲಿ ಊಟಿಗೆ ಬಂದ ರೈಲು ಅದು, ಯುನೆಸ್ಕೊ ಪಟ್ಟಿಯಲ್ಲಿದೆ. ಅತ್ತೆಗೆ ಅದೆಲ್ಲ ಬೇಕಿರಲಿಲ್ಲ. ಕಿಟಕಿ ಪಕ್ಕ ಕೂತರು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು. ಸುರಂಗ ಬಂದಾಗ ಮಕ್ಕಳೆಲ್ಲ ಕೂಗಿದರು, ಎರಡನೇ ಸುರಂಗಕ್ಕೆ ಅತ್ತೆಯೂ ಕೂಗಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ಇವತ್ತಿಗೂ ಯಾರಾದರೂ ಊಟಿ ವೇಸ್ಟ್ ಅಂದರೆ ಅತ್ತೆ ಬಿಡಲ್ಲ. "ರೈಲು ಹತ್ತಿದ್ರೇನು ನೀವು?" ಅಂತ ಕೇಳುತ್ತಾರೆ.

ಮನೆಗೆ ಬಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದೆ. ನಾಲ್ಕು ದಿನದಲ್ಲಿ ಗಾಡಿಯೊಳಗೆ ಕೂತದ್ದು 31 ಗಂಟೆ. ಕೆಳಗಿಳಿದು ನೋಡಿದ್ದು, ನಡೆದದ್ದು 9 ಗಂಟೆ. ಆ ಒಂಬತ್ತರಲ್ಲಿ ಮೂರು ಗಂಟೆ ಸಾಲಿನಲ್ಲಿ ನಿಂತದ್ದು. ಊಟಿಯ ಬೆಟ್ಟ, ಚಹಾ ತೋಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ದಾವಣಗೆರೆಯಿಂದ ಅಷ್ಟು ದೂರಕ್ಕೆ, ಎಲ್ಲರೂ ಬರೋ ತಿಂಗಳಲ್ಲಿ, ನಾಲ್ಕೇ ದಿನಕ್ಕೆ ಹದಿನಾಲ್ಕು ಜನರನ್ನು ಕರೆದುಕೊಂಡು ಹೋದದ್ದು ತಪ್ಪು. ನನ್ನ ಅಭಿಪ್ರಾಯ ಕೇಳಿದರೆ ಈಗಲೂ ಹೇಳುತ್ತೇನೆ: ಮೇ ತಿಂಗಳ ಊಟಿ ನಮ್ಮ ಕಡೆಯವರಿಗೆ ಬೇಡ. ಹೋಗಲೇಬೇಕು ಅಂದರೆ ಊಟಿಗೆ ಗಾಡಿ ಒಯ್ಯೋಕೆ ಬೇಕಾದ ಇ-ಪಾಸ್ ಮೊದಲೇ ತೆಗೆದುಕೊಳ್ಳಿ, 2024ರ ಮೇನಿಂದ ಅದು ಕಡ್ಡಾಯ. ರೈಲಿನ ಟಿಕೆಟ್ಟೂ ಮೊದಲೇ ಮಾಡಿಸಿ.

ಆಮೇಲಿಂದ ಪ್ರವಾಸ ಮುಗಿಸಿ ಬಂದ ಮೇಲೆ "ಹೆಂಗಿತ್ತು?" ಅಂತ ಕೇಳೋದು ಬಿಟ್ಟೆ. ಬದಲಿಗೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು, "ಯಾವ ಒಂದು ಗಂಟೆ ಜಾಸ್ತಿ ನೆನಪಿದೆ?" ಅಂತ ಕೇಳಿ ಬರೆದುಕೊಳ್ಳುತ್ತೇನೆ. ಉತ್ತರಗಳು ಬೇರೆಯೇ ಬರುತ್ತವೆ. ಮೈಸೂರಿಗೆ ಹೋದಾಗ ಎಲ್ಲರೂ ಅರಮನೆ ಅನ್ನುತ್ತಾರೆ ಅಂದುಕೊಂಡಿದ್ದೆ. ಭಾನುವಾರ ಸಂಜೆ ದೀಪ ಹಾಕೋ ಹೊತ್ತನ್ನು ಮೂರು ಜನ ಹೇಳಿದರು, ಸರಿ. ಮಾವ ಹೇಳಿದ್ದು ಬೆಳಿಗ್ಗೆ ದೇವರಾಜ ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ ನಿಂತ ಅರ್ಧ ಗಂಟೆ. ಅವರದು ನಲವತ್ತು ವರ್ಷದ ವ್ಯಾಪಾರ. ಮಾರುಕಟ್ಟೆ ಕಂಡರೆ ಅವರ ಕಾಲು ತಾನಾಗೇ ನಿಲ್ಲುತ್ತೆ.

ಬೇರೆಯವರ ಅಭಿಪ್ರಾಯ ತಗೊಳ್ಳೋ ರೀತಿಯೂ ಬದಲಾಯಿತು. ಯಾರಾದರೂ "ಅಲ್ಲೇನಿಲ್ಲ, ಸುಮ್ನೆ ಹೆಸರು" ಅಂದರೆ ಕೇಳುತ್ತೇನೆ: ಯಾವ ತಿಂಗಳು? ಎಷ್ಟು ಗಂಟೆಗೆ ತಲುಪಿದ್ರಿ? ಎಷ್ಟು ಹೊತ್ತು ಇದ್ರಿ? ಜೊತೆಗೆ ಯಾರಿದ್ದರು? ಸೂಪರ್ ಅಂದವರಿಗೂ ಇವೇ ಪ್ರಶ್ನೆ. ಪಕ್ಕದ ಮನೆಯವರು ಮುಳ್ಳಯ್ಯನಗಿರಿ ಸಾಕಪ್ಪಾ ಸಾಕು ಅಂದಿದ್ದರು. ಕೇಳಿದರೆ ಹೋಗಿದ್ದು ಭಾನುವಾರ ಮಧ್ಯಾಹ್ನ, ಗಾಡಿ ಮುಂದೆ ಹೋಗದೆ ಅರ್ಧ ದಾರಿಯಿಂದ ತಿರುಗಿ ಬಂದಿದ್ದರು. ಅವರು ಬೆಟ್ಟವನ್ನೇ ನೋಡಿರಲಿಲ್ಲ. ಆಗುಂಬೆ ಸೂರ್ಯಾಸ್ತವೂ ಹಾಗೇ, ಮಳೆಗಾಲದಲ್ಲಿ ಹೋಗಿ ಸೂರ್ಯ ಕಾಣಲಿಲ್ಲ ಅಂದರೆ ಏನು ಮಾಡೋದು ಹೇಳಿ. ನಮ್ಮ ಬೆಣ್ಣೆದೋಸೆಯನ್ನು ಪಾರ್ಸೆಲ್ ಕಟ್ಟಿಸಿ, ಬೆಂಗಳೂರಿಗೆ ಒಯ್ದು ತಿಂದು, ಅಂಥದ್ದೇನೂ ಇಲ್ಲ ಅನ್ನೋರು ಇದ್ದಾರೆ. ಹಂಚಿನಿಂದ ಎತ್ತಿ ತಟ್ಟೆಗೆ ಹಾಕಿದ ಮೂರು ನಿಮಿಷದೊಳಗೆ ತಿನ್ನಬೇಕಾದದ್ದು ಅದು.

ಇನ್ನು ನನ್ನ ಮನಸ್ಸಿಗೆ ಹತ್ತಿರದ ವಿಷಯ. ದುರ್ಗದ ಕೋಟೆ.

ನಾದಿನಿ, ಅವಳ ಗಂಡ, ಮಗಳು ಒಂದು ಏಪ್ರಿಲ್‌ನಲ್ಲಿ ಬೆಂಗಳೂರಿಂದ ಬಂದಿದ್ದರು. ತಿಂಡಿ ತಿಂದು ದಾವಣಗೆರೆ ಬಿಡೋ ಹೊತ್ತಿಗೆ ಹತ್ತು, ಕೋಟೆ ಬಾಗಿಲಿಗೆ ಹೋದಾಗ ಹನ್ನೊಂದೂವರೆ. ಬಂಡೆ ಕಾದು ಚಪ್ಪಲಿಯೊಳಗೂ ಬಿಸಿ ತಾಗುತ್ತಿತ್ತು. ಅರ್ಧ ದಾರಿಗೆ ನೀರು ಖಾಲಿ. ಕೋತಿ ಬಂದು ಮಗುವಿನ ಕೈಯಿಂದ ಬಿಸ್ಕತ್ ಕಿತ್ತುಕೊಂಡಿತು, ಅವಳು ಅತ್ತಳು. ಒನಕೆ ಓಬವ್ವನ ಕಿಂಡಿ ಹತ್ತಿರ ಸಾಲು ನಿಂತು ಒಂದು ಫೋಟೊ ತೆಗೆದುಕೊಂಡು ಇಳಿದುಬಿಟ್ಟೆವು. ಕಾರಿಗೆ ಬಂದಮೇಲೆ ನಾದಿನಿಯ ಗಂಡ ಅಂದರು, "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದಕ್ಕೆ ಅಷ್ಟು ಬಿಲ್ಡಪ್ ಯಾಕೆ? ಬರೀ ಕಲ್ಲು, ಬಿಸಿಲು."

ಬೇಜಾರಾಯಿತು. ನಾನು ಆ ಕೋಟೆಯ ಕೆಳಗೇ ಬೆಳೆದವಳು. ಆದರೆ ಅವರನ್ನು ಆ ಹೊತ್ತಿಗೆ ಕರೆದೊಯ್ದದ್ದು ನಾನೇ. ರಾತ್ರಿ ಎಲ್ಲರನ್ನೂ ತವರುಮನೆಯಲ್ಲೇ ಉಳಿಸಿಕೊಂಡೆ. "ಅಣ್ಣ, ನಾಳೆ ಬೆಳಿಗ್ಗೆ ಇನ್ನೊಂದು ಸಲ ಬನ್ನಿ, ಅಪ್ಪ ಬರ್ತಾರೆ" ಅಂದೆ. ಅವರು ದೊಡ್ಡ ಮನಸ್ಸು ಮಾಡಿ ಒಪ್ಪಿದರು.

ಬಾಗಿಲು ತೆಗೆಯೋ ಹೊತ್ತಿಗೇ ಹೋದೆವು. ತಣ್ಣಗೆ ಗಾಳಿ. ಅಪ್ಪ ಕಥೆ ಶುರು ಮಾಡಲಿಲ್ಲ. ಮೊದಲನೇ ಬಾಗಿಲು ದಾಟಿ ನಿಂತು, "ಇಲ್ಲಿಂದ ಆನೆ ಓಡಿಸ್ಕೊಂಡು ಬಂದು ಮುಂದಿನ ಬಾಗ್ಲಿಗೆ ಗುದ್ದಿಸೋಕೆ ಆಗುತ್ತಾ ಹೇಳಿ?" ಅಂತ ಕೇಳಿದರು. ದಾರಿ ಹಾವಿನ ಹಾಗೆ ತಿರುಗಿಕೊಂಡಿದೆ, ಆನೆಗೆ ಓಡಿ ಬರೋಕೆ ಜಾಗವೇ ಇಲ್ಲ. ನಾದಿನಿಯ ಗಂಡ ಎಂಜಿನಿಯರು. ಅಲ್ಲೇ ನಿಂತುಬಿಟ್ಟರು. ಆಮೇಲೆ ಅಪ್ಪ ಒಂದು ಬಂಡೆ ತೋರಿಸಿದರು. ಅದರ ಅಂಚಿನುದ್ದಕ್ಕೂ ಬೆಣೆ ಹೊಡೆದ ಗುಳಿಗಳ ಸಾಲು. ಕಲ್ಲನ್ನು ಸೀಳೋಕೆ ಗುರುತು ಮಾಡಿ, ಸೀಳದೆ ಬಿಟ್ಟದ್ದು. ಮಗು ಒಂದೊಂದು ಗುಳಿಗೂ ಬೆರಳು ಹಾಕುತ್ತಾ ಎಣಿಸಿದಳು. ಇಲ್ಲಿಂದ ಸೀಳಿದ ಕಲ್ಲೇ ಅಗೋ ಆ ಗೋಡೆ ಅಂತ ಅಪ್ಪ ಕೈ ತೋರಿಸಿದಾಗ, ಹಿಂದಿನ ದಿನ ಬರೀ ಕಲ್ಲು ಅಂದವರು ಹತ್ತಿರ ಹೋಗಿ ಕಲ್ಲಿಗೂ ಕಲ್ಲಿಗೂ ನಡುವೆ ಉಗುರು ಹಾಕಿ ನೋಡಿದರು.

ಗೋಪಾಲಸ್ವಾಮಿ ಹೊಂಡದ ಮೆಟ್ಟಿಲ ಮೇಲೆ ಜಾಸ್ತಿ ಹೊತ್ತು ಕೂತೆವು. ಬೆಟ್ಟದ ಮೇಲೆ ಬಿದ್ದ ಮಳೆ ನೀರು ಇಲ್ಲಿ ತುಂಬಿ, ಅಕ್ಕತಂಗಿ ಹೊಂಡಕ್ಕೆ ಹರಿದು, ಸಿಹಿನೀರು ಹೊಂಡಕ್ಕೆ ಇಳಿದು, ಊರೊಳಗಿನ ಸಂತೆ ಹೊಂಡಕ್ಕೆ ಸೇರೋ ಹಾಗೆ ಮಾಡಿದ್ದಾರೆ. ಮಳೆ ಕಮ್ಮಿ ಇರೋ ಊರಿನ ಜನ ಮಾಡಿದ ಕೆಲಸ. ನನಗೆ ಕೋಟೆಯಲ್ಲಿ ಎಲ್ಲಕ್ಕಿಂತ ಇಷ್ಟ ಆಗೋದು ಇದೇ.

ಕಿಂಡಿ ಹತ್ತಿರ ಆ ಹೊತ್ತಿಗೆ ನಾವು ಬಿಟ್ಟರೆ ಯಾರೂ ಇರಲಿಲ್ಲ. ಅಪ್ಪ ನಾದಿನಿಯ ಗಂಡನನ್ನು ಒಳಗೆ ತೂರಿ ಬನ್ನಿ ಅಂದರು. ಬಗ್ಗಿ, ಭುಜ ಒಳಗೆ ಎಳೆದುಕೊಂಡು, ತಲೆ ಮುಂದೆ ಮಾಡಿ ಬರಬೇಕು. ತಲೆ ಈಚೆ ಬಂದಾಗ ಅಪ್ಪ ಮೆಲ್ಲಗೆ ಅಂದರು, "ಈಗ ನಿಮ್ಮ ಕೈಯಾಗೆ ಕತ್ತಿ ಐತೆ ಅಂದ್ಕೊಳ್ಳಿ. ಬೀಸ್ತೀರಾ?" ಬೀಸೋಕೆ ಆಗಲ್ಲ. ಕಾವಲುಗಾರನ ಹೆಂಡತಿ ನೀರಿಗೆ ಬಂದವಳು ಒನಕೆ ಹಿಡಿದು ಹೇಗೆ ಒಬ್ಬೊಬ್ಬರನ್ನೇ ತಡೆದಳು ಅನ್ನೋದು ಅಲ್ಲಿ ಬಗ್ಗಿದಾಗ ಮೈಗೆ ಗೊತ್ತಾಗುತ್ತೆ. 1779ರಲ್ಲಿ ಕೊನೆಗೆ ಹೈದರನೇ ಗೆದ್ದ, ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದರು ಅಂತ ಅಪ್ಪ ಹೇಳುವಾಗ ಮಗು "ಮತ್ತೆ ಓಬವ್ವ?" ಅಂತ ಕೇಳಿದಳು. ಅಪ್ಪ ಅವಳ ತಲೆ ಸವರಿದರು.

ಇಳಿಯುವಾಗ ನಾದಿನಿಯ ಗಂಡ ನಿನ್ನೆಯ ಮಾತು ವಾಪಸ್ ತಗೊಂಡರು. ಜೊತೆಗೆ ಇನ್ನೊಂದು ಮಾತೂ ಹೇಳಿದರು. "ಅಕ್ಕಾ, ಇವತ್ತು ತುಂಬಾ ಚೆನ್ನಾಗಿತ್ತು. ಆದ್ರೆ ರಜೆ ಅಂದ್ರೆ ನನಗೆ ನೀರಿರೋ ಕಡೆ ಸುಮ್ನೆ ಕೂರಬೇಕು ಅನ್ಸುತ್ತೆ." ಅದು ನನಗೆ ಇಷ್ಟವಾಯಿತು. ಹೊತ್ತು ಸರಿಮಾಡಬಹುದು, ಜೊತೆಗೆ ತಿಳಿದವರನ್ನು ಕಳಿಸಬಹುದು. ರುಚಿ ಅವರವರದು, ಅದನ್ನು ಯಾಕೆ ಬದಲಾಯಿಸಬೇಕು? ಆಗಿನಿಂದ ನೋಟ್‌ಬುಕ್ಕಿನಲ್ಲಿ ಒಬ್ಬೊಬ್ಬರಿಗೂ ಒಂದು ಪುಟ ಇಟ್ಟಿದ್ದೇನೆ. ಅಣ್ಣನ ಪುಟದಲ್ಲಿ "ನೀರು" ಅಂತ ಬರೆದಿದೆ. ಭಾವನಿಗೆ ಗಾಡಿ ಓಡಿಸೋದೇ ಪ್ರವಾಸ. ಅವರಿಗೆ ಒಳ್ಳೆ ಘಾಟಿ ಸಿಕ್ಕರೆ ಊರು ಯಾವುದಾದರೂ ಸರಿ. ದಿನಕ್ಕೆ ಎರಡೇ ಜಾಗ ಇಟ್ಟುಕೊಂಡು, ಎರಡು ದಿನದೊಳಗೆ ಪ್ರತಿಯೊಬ್ಬರ ಪುಟಕ್ಕೂ ಒಂದಾದರೂ ಬರೋ ಹಾಗೆ ಹೊಂದಿಸುತ್ತೇನೆ.

ಒಂದು ತಪ್ಪನ್ನು ಮಾತ್ರ ನಾನು ಎರಡು ಸಲ ಮಾಡಿದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿ ನನಗೆ ಪ್ರಾಣ. ಪಾಳೇಗಾರರ ಕಾಲದ್ದು, ನಾಲ್ಕೂ ಕಡೆ ಮೆಟ್ಟಿಲು, ನಡುನೀರಲ್ಲಿ ವಸಂತ ಮಂಟಪ. ಮೊದಲು ಏನೂ ಹೇಳದೆ ಕರೆದೊಯ್ದವರೆಲ್ಲ ಬಾಯಿಬಿಟ್ಟು ನೋಡಿದರು. ಆ ಖುಷಿಗೆ ಆಮೇಲೆ ಎರಡು ಗುಂಪಿಗೆ "ಹಂಪಿ ಥರಾನೇ ಇದೆ" ಅಂದುಬಿಟ್ಟೆ. ಅವರು ಹಂಪಿ ಹುಡುಕಿದರು. ಒಂದು ಕೊಳ, ಒಂದು ಮಂಟಪ ನೋಡಿ ಹತ್ತು ನಿಮಿಷಕ್ಕೆ ಗಾಡಿ ಹತ್ತಿದರು. ಈಗ ಯಾವ ಜಾಗವನ್ನೂ ಇನ್ನೊಂದಕ್ಕೆ ಹೋಲಿಸಿ ಹೇಳಲ್ಲ. "ಒಂದು ಹಳೇ ಕೊಳ ಇದೆ, ಸಂಜೆ ನಾಲ್ಕಕ್ಕೆ ಹೋಗೋಣ, ಮಂಡಕ್ಕಿ ಕಟ್ಕೊಳ್ಳಿ" ಅನ್ನುತ್ತೇನೆ, ಅಷ್ಟೇ.

2022ರ ಸೆಪ್ಟೆಂಬರ್‌ನಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಕಡೆ ಮಾರಿಕಣಿವೆ ಅನ್ನೋದೇ ಜಾಸ್ತಿ. 1907ರಲ್ಲಿ ಮುಗಿದ ಅಣೆಕಟ್ಟು, ಹಿಂದೆ ಕೋಡಿ ಬಿದ್ದದ್ದು 1933ರಲ್ಲಿ. ಮಧ್ಯೆ 89 ವರ್ಷ. ಅಪ್ಪನ ಹುಟ್ಟೂರು ಹಿರಿಯೂರಿನ ಹತ್ತಿರ. ಸುದ್ದಿ ಬಂದ ದಿನವೇ ಕರ್ಕೊಂಡು ಹೋಗು ಅಂದರು. ಭಾನುವಾರ ಬೇಡ, ಬೆಳಿಗ್ಗೆ ಹೋಗಬೇಕು ಅನ್ನೋ ನನ್ನ ಲೆಕ್ಕವೆಲ್ಲ ಅವತ್ತು ಪಕ್ಕಕ್ಕೆ. ಭಾನುವಾರ ಮಧ್ಯಾಹ್ನವೇ ಹೋದೆವು. ಎಲ್ಲಿ ನೋಡಿದರೂ ಜನ, ಬೈಕು, ಕಾರು. ಎರಡು ಕಿಲೋಮೀಟರ್ ನಡೆದೆವು.

ಕೋಡಿ ಹತ್ತಿರ ನಾಲ್ಕೈದು ಹುಡುಗರು ನಿಂತಿದ್ದರು, ದೂರದಿಂದ ಬೈಕಿನಲ್ಲಿ ಬಂದವರು. ಒಬ್ಬ ಅಂದ, "ಇಷ್ಟೇನಾ? ನಾನು ದೊಡ್ಡ ಫಾಲ್ಸ್ ಅಂದ್ಕೊಂಡಿದ್ದೆ." ಅಪ್ಪ ಅವನ ಕಡೆ ತಿರುಗಿದರು. ಸಿಟ್ಟಿರಲಿಲ್ಲ. "ನಿನಗೆ ಹಂಗೇ ಕಾಣ್ಸುತ್ತೆ ಕಣಪ್ಪ. ನಮ್ಮಪ್ಪ ಇದು ಕೋಡಿ ಬಿದ್ದಿದ್ದು ಚಿಕ್ಕ ಹುಡುಗನಾಗಿ ನೋಡಿದ್ರು. ನಾವು ಕೇಳ್ಕೊಂಡೇ ಬೆಳೆದ್ವಿ. ಮೊನ್ನೆ ಮೊನ್ನೆ ತನಕ ಇಲ್ಲಿ ನೀರಿಲ್ದೆ ತೆಂಗಿನ ತೋಟ ಒಣಗಿ ಕಡಿದು ಹಾಕಿದ್ದು ನೋಡಿದೀವಿ." ಹುಡುಗ ಮೊಬೈಲು ಜೇಬಿಗೆ ಹಾಕಿದ. "ಎಲ್ಲಿ ತನಕ ಬಂದಿತ್ತಂತೆ ತಾತ, ಆವಾಗ?" ಅಂತ ಕೇಳಿದ. ಅಪ್ಪ ಕೈ ಮಾಡಿ ತೋರಿಸುತ್ತಾ ಹೋದರು, ಹುಡುಗರು ಸುತ್ತ ನಿಂತು ಕೇಳಿದರು. ನಾನು ಕಾಗದದ ಮೇಲೆ ಮಂಡಕ್ಕಿ ಸುರಿದು ಎಲ್ಲರ ಮುಂದೆ ಇಟ್ಟೆ. ಹೊರಡೋ ಮುಂಚೆ ಅಪ್ಪ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅಂಚಿನಲ್ಲಿ ಹರಿಯೋ ನೀರಿಗೆ ಬಗ್ಗಿ ಖಾಲಿ ಬಾಟಲಿ ತುಂಬಿಕೊಂಡರು. ಅವರ ತೋಳು ಹಿಡಿದುಕೊಂಡು ನಿಂತಿದ್ದವನು ಆ ಹುಡುಗನೇ.