ಅಮ್ಮನ ನಡಿಗೆಯ ವೇಗದಲ್ಲಿ ಯೆಲ್ಲೊಸ್ಟೋನ್

ಮೊದಲ ಸಲ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದಾಗ ಕಾರು ನಾನೇ ಓಡಿಸಿದ್ದೆ. ರಸ್ತೆ, ನಕ್ಷೆ, ಗಾಡಿ ನಿಲ್ಲಿಸಲು ಜಾಗ ಎಂದು ಹುಡುಕುವುದರಲ್ಲೇ ದಿನ ಕಳೆದು, ಕಾಡು ಕಣ್ಣಿಗೆ ಬಿದ್ದದ್ದು ಅಲ್ಪಸ್ವಲ್ಪ. ಹಾಗಾಗಿ ಪುತ್ತೂರಿನಿಂದ ಬಂದಿದ್ದ 74 ವರ್ಷದ ಅಮ್ಮನನ್ನು ಸೆಪ್ಟೆಂಬರ್ ಕೊನೆಯಲ್ಲಿ ಅಲ್ಲಿಗೆ ಕರೆದುಕೊಂಡು ಹೋಗುವಾಗ, ನಮಗೆಂದೇ ಒಬ್ಬ ಖಾಸಗಿ ಗೈಡನ್ನು ಗೊತ್ತುಮಾಡಿದೆ.

ನಾಲ್ಕು ಕಡೆ ಫೋನ್ ಮಾಡಿದ್ದೆ. ಒಂದು ಕಡೆಯವರು ತೋಳ ತೋರಿಸುವುದು ಗ್ಯಾರಂಟಿ ಎಂದರು. ಅವರನ್ನು ಅಲ್ಲಿಗೇ ಕೈಬಿಟ್ಟೆ. ಸುಮಾರು 9,000 ಚದರ ಕಿಲೋಮೀಟರ್ ಹರಡಿರುವ ಕಾಡಿನಲ್ಲಿ ಅಂಥ ಮಾತು ಕೊಡಲು ಯಾರಿಂದಲೂ ಆಗದು. ಉದ್ಯಾನದೊಳಗೆ ಪ್ರವಾಸ ನಡೆಸಲು ಸರ್ಕಾರದ ಪರವಾನಗಿ ಇದೆಯೇ, ದೂರ ನೋಡುವ ಸ್ಕೋಪ್ ತರುತ್ತೀರಾ, ಮಂಡಿನೋವಿರುವ ಹಿರಿಯರನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಎಲ್ಲರಲ್ಲೂ ಕೇಳಿದೆ. "ಅವರು ಒಂದೇ ಸಮನೆ ಎಷ್ಟು ದೂರ ನಡೆಯುತ್ತಾರೆ? ಮೆಟ್ಟಿಲು ಹತ್ತುತ್ತಾರೆಯೇ?" ಎಂದು ನನ್ನನ್ನೇ ತಿರುಗಿ ಕೇಳಿದವರು ಒಬ್ಬರೇ. ಜೀವಶಾಸ್ತ್ರದ ನಿವೃತ್ತ ಶಿಕ್ಷಕರು. ಪ್ರಾಣಿಗಳಿಗೆ ಒಂದು ದಿನ, ಬಿಸಿನೀರಿನ ಬುಗ್ಗೆಗಳಿಗೆ ಒಂದು ದಿನ ಎಂದು ಬೇರ್ಪಡಿಸಿದವರೂ ಅವರೇ. ಪ್ರಾಣಿಗಳನ್ನು ನೋಡಲು ಬೆಳಗು ಹರಿಯುವ ಮೊದಲೇ ಉತ್ತರದ ಲಾಮರ್ ಕಣಿವೆಯಲ್ಲಿರಬೇಕು. ದೊಡ್ಡ ಬುಗ್ಗೆಗಳಿರುವುದು ದೂರದಲ್ಲಿ, ನೈಋತ್ಯದ ಕಡೆಗೆ. ಎರಡನ್ನೂ ಒಂದೇ ದಿನಕ್ಕೆ ತುರುಕಿದ್ದರೆ ಅಮ್ಮ ಗಾಡಿಯಲ್ಲೇ ಸುಸ್ತಾಗುತ್ತಿದ್ದಳು.

ಮೊದಲ ದಿನ ಉದ್ಯಾನದ ಉತ್ತರ ಬಾಗಿಲಿನ ಗಾರ್ಡಿನರ್ ಊರಿನಿಂದ ಐದೂವರೆಗೇ ಹೊರಟೆವು. ಗಾಜಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಕಣಿವೆ ತಲುಪಿದಾಗ ಗೈಡ್ ಮೊದಲು ನೋಡಿದ್ದು ಆಕಾಶದ ಕಡೆಗೆ. ರೇವನ್ ಎಂಬ ದೊಡ್ಡ ಕಾಗೆಗಳು ಒಂದೆಡೆ ಇಳಿದು ಏಳುತ್ತಿದ್ದರೆ ಅಲ್ಲಿ ಬೇಟೆ ಬಿದ್ದಿರಬಹುದು, ಬೇಟೆಯಿದ್ದಲ್ಲಿ ತೋಳವೂ ಇರಬಹುದು ಎಂದು ವಿವರಿಸಿದರು. ನದಿಯಾಚೆ ಒಂದೂವರೆ ಕಿಲೋಮೀಟರ್ ದೂರದ ಇಳಿಜಾರಿಗೆ ಸ್ಕೋಪ್ ತಿರುಗಿಸಿ, ಮಡಚುವ ಕುರ್ಚಿಯಲ್ಲಿ ಅಮ್ಮನನ್ನು ಕೂರಿಸಿ, ಸ್ಕೋಪಿನ ಮುಕ್ಕಾಲಿಯನ್ನು ಅವಳ ಕಣ್ಣಿನ ಮಟ್ಟಕ್ಕೆ ಇಳಿಸಿದರು. ಅಮ್ಮನಿಗೆ ಒಂದೇ ಕಣ್ಣು ಮುಚ್ಚಲು ಬಾರದು. ಎಡಗಣ್ಣಿನ ಮೇಲೆ ಸೆರಗು ಒತ್ತಿ ಹಿಡಿದು ಐದು ನಿಮಿಷ ಬಗ್ಗಿ ನೋಡಿದ ಮೇಲೆ, "ಕಂಡಿತು! ಕಪ್ಪು ಬಣ್ಣ. ಇದು ನಮ್ಮ ಕರಿಯನ ಹಾಗೆಯೇ ಇದೆಯಲ್ಲ!" ಎಂದಳು.

ಕರಿಯ ನಮ್ಮ ಮನೆಯ ನಾಯಿ. ನಾನು ನಗುತ್ತ ಅದನ್ನು ಗೈಡ್‌ಗೆ ಹೇಳಿದೆ, ಅವರು ನಗಲಿಲ್ಲ. ಇಲ್ಲಿನ ತೋಳಗಳಿಗೆ ಕಪ್ಪು ಬಣ್ಣ ಕೊಡುವ ಜೀನ್ ಬಹಳ ಹಿಂದೆ ನಾಯಿಗಳ ಜೊತೆಗಿನ ಕೂಡಿಕೆಯಿಂದಲೇ ಬಂದದ್ದು, ನಿಮ್ಮ ತಾಯಿ ಹೇಳಿದ್ದರಲ್ಲಿ ಸತ್ಯವಿದೆ ಎಂದರು. 1926ರ ಹೊತ್ತಿಗೆ ಜನ ಈ ಉದ್ಯಾನದ ತೋಳಗಳನ್ನೆಲ್ಲ ಕೊಂದು ಮುಗಿಸಿದ್ದರು. 1995 ಮತ್ತು 1996ರಲ್ಲಿ ಕೆನಡಾದಿಂದ 31 ತೋಳಗಳನ್ನು ತಂದು ಬಿಟ್ಟ ಮೇಲೆ ಮತ್ತೆ ಸಂತತಿ ಬೆಳೆಯಿತು. ಇದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ಏನೂ ಮಾತಾಡದೆ ಮತ್ತೆ ಸ್ಕೋಪಿಗೆ ಕಣ್ಣಿಟ್ಟಳು.

ಹಿಂದಿರುಗುವಾಗ ಬೈಸನ್ ಹಿಂಡೊಂದು ಮುಕ್ಕಾಲು ಗಂಟೆ ರಸ್ತೆ ಕಟ್ಟಿತು. ಅವುಗಳಿಂದ 23 ಮೀಟರ್, ಕರಡಿ ಮತ್ತು ತೋಳಗಳಿಂದ 91 ಮೀಟರ್ ದೂರವಿರಬೇಕೆಂಬುದು ಅಲ್ಲಿನ ನಿಯಮ. ಗಾಡಿಯೊಳಗೇ ಕೂತು ಅವಲಕ್ಕಿ ತಿಂದೆವು.

ಎರಡನೆಯ ದಿನಕ್ಕೆ ಗೈಡ್ ಆರಿಸಿದ್ದು ಫೌಂಟನ್ ಪೇಂಟ್ ಪಾಟ್ ಎಂಬಲ್ಲಿನ ಸಣ್ಣ ಹಾದಿ. ಸುತ್ತು ಒಂದು ಕಿಲೋಮೀಟರ್‌ಗೂ ಕಡಿಮೆ. ನೆಲದಿಂದ ಬಿಸಿನೀರು ಚಿಮ್ಮುವ ಗೀಸರ್, ಬಿಸಿನೀರಿನ ಕೊಳ, ಬರೀ ಹಬೆಯುಗುಳುವ ಬಿರುಕು, ಕುದಿಯುವ ಕೆಸರು, ನಾಲ್ಕೂ ಅಲ್ಲಿವೆ. ಮಂಡಿನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಾಣೆ. ಕೆಸರಿನ ಗುಂಡಿಯ ಬಳಿ ಅಮ್ಮ ಬಹಳ ಹೊತ್ತು ನಿಂತಳು. ಬೂದುಬಿಳುಪಿನ ದಪ್ಪ ಕೆಸರು ಮೆಲ್ಲಗೆ ಉಬ್ಬಿ, ಗುಳುಕ್ಕೆಂದು ಒಡೆದು, ಹನಿಗಳನ್ನು ಮೇಲಕ್ಕೆ ಎಸೆಯುತ್ತಿತ್ತು. "ಸಂಡಿಗೆ ಹಿಟ್ಟು ಕಾಯಿಸುವಾಗ ಹೀಗೇ ಸಿಡಿಯುವುದು, ಹಿಂದೆ ಸರಿದು ನಿಲ್ಲು" ಎಂದು ನನ್ನ ತೋಳು ಎಳೆದಳು. ಆಮ್ಲ ಕಲ್ಲನ್ನು ಕರಗಿಸಿ ಜೇಡಿಯಾಗಿಸುತ್ತದೆ, ಕೆಳಗಿನಿಂದ ಬರುವ ಹಬೆ ಅದನ್ನು ಕದಡುತ್ತದೆ.

ನಮ್ಮ ಪುತ್ತೂರು ತಾಲ್ಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥವೆಂಬ ಬಿಸಿನೀರಿನ ಬುಗ್ಗೆಯಿದೆ. ನೆಲದಿಂದ ಬರುವ ಬಿಸಿನೀರೆಂದರೆ ಅಮ್ಮನಿಗೆ ಅದು ತೀರ್ಥವೇ. ಸೈಲೆಕ್ಸ್ ಎಂಬ ನೀಲಿ ಕೊಳದ ಮುಂದೆ ಅವಳು ಕೈಚೀಲದಿಂದ ಒಂದು ನಾಣ್ಯ ತೆಗೆದಳು. ಗೈಡ್ ಗದರಲಿಲ್ಲ. ಮಾರ್ನಿಂಗ್ ಗ್ಲೋರಿ ಎಂಬ ಇಂಥದೇ ಕೊಳದ ಕತೆ ಹೇಳಿದರು. ಜನ ವರ್ಷಗಟ್ಟಲೆ ಎಸೆದ ನಾಣ್ಯ, ಕಸ ಅದರ ಬಾಯಿ ಕಟ್ಟಿದವು, ನೀರು ತಣಿಯಿತು, ಅಂಚಿನಲ್ಲಿದ್ದ ಹಳದಿ, ಕಿತ್ತಳೆ ಬಣ್ಣಗಳು ಒಳಕ್ಕೆ ಹಬ್ಬಿ ನೀಲಿಯನ್ನು ನುಂಗಿದವು. ಅಮ್ಮ ನಾಣ್ಯವನ್ನು ವಾಪಸ್ ಇಟ್ಟು ದೂರದಿಂದಲೇ ಕೈಮುಗಿದಳು. ಮುಟ್ಟಿ ನೋಡಬೇಕೆಂಬ ಅವಳ ಆಸೆಯೂ ಈಡೇರುವಂಥದ್ದಲ್ಲ. ಆ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿಯುತ್ತದೆ, ಗಟ್ಟಿಯಾಗಿ ಕಾಣುವ ನೆಲ ಎಷ್ಟೋ ಕಡೆ ತೆಳ್ಳನೆಯ ಹೊಪ್ಪಳೆ. ಈ ಉದ್ಯಾನದ ಬಿಸಿನೀರಿನಲ್ಲಿ ಬೆಂದು 20ಕ್ಕೂ ಹೆಚ್ಚು ಮಂದಿ ಸತ್ತಿದ್ದಾರೆ. ಮಕ್ಕಳ ಜೊತೆ ಹೋಗುವವರು ಹಲಗೆಯ ಹಾದಿಯ ಮೇಲೆ ಅವರ ಕೈ ಬಿಡಲೇಬಾರದು.

ಕೊಳದ ಅಂಚಿನ ಆ ಹಳದಿ, ಕಿತ್ತಳೆ ಬಣ್ಣಗಳೆಲ್ಲ ಬಿಸಿಯಲ್ಲೇ ಬದುಕುವ ಸೂಕ್ಷ್ಮಜೀವಿಗಳು. ಅಂಥದೇ ಒಂದು ಬ್ಯಾಕ್ಟೀರಿಯಾವನ್ನು, ಥರ್ಮಸ್ ಅಕ್ವಾಟಿಕಸ್ ಅನ್ನು, ಥಾಮಸ್ ಬ್ರಾಕ್ ಎಂಬ ವಿಜ್ಞಾನಿ 1960ರ ದಶಕದಲ್ಲಿ ಇದೇ ಪ್ರದೇಶದ ಕೊಳದಿಂದ ಹೆಕ್ಕಿದರು. ಅದರ ಕಿಣ್ವದ ಬಲದ ಮೇಲೆಯೇ ಪಿಸಿಆರ್ ಪರೀಕ್ಷೆ ಬೆಳೆದದ್ದು. ಕೋವಿಡ್ ಕಾಲದಲ್ಲಿ ಅಮ್ಮನ ಮೂಗಿಗೆ ಕಡ್ಡಿ ಹಾಕಿದ್ದನ್ನು ನೆನಪಿಸಿದೆ. "ಅದಕ್ಕೂ ಇಲ್ಲಿಂದಲೇ ಬಂತೇ?" ಎಂದು ಕೊಳದತ್ತ ಮತ್ತೆ ತಿರುಗಿದಳು.

ಕೊನೆಗೆ ಓಲ್ಡ್ ಫೇತ್‌ಫುಲ್ ಎಂಬ ಹೆಸರಾಂತ ಗೀಸರ್. ನೀರು ಚಿಮ್ಮುತ್ತಿದ್ದಷ್ಟು ಹೊತ್ತೂ ಗೈಡ್ ಗಡಿಯಾರ ಹಿಡಿದು ನಿಂತಿದ್ದರು. ಹೆಚ್ಚು ಹೊತ್ತು ಚಿಮ್ಮಿದರೆ ಮುಂದಿನ ಸರದಿಗೆ ಹೆಚ್ಚು ಹೊತ್ತು ಕಾಯಬೇಕು. ಈ ಸಲ ನಾಲ್ಕು ನಿಮಿಷ ದಾಟಿದ್ದರಿಂದ ಇನ್ನು ಒಂದೂವರೆ ಗಂಟೆಯಾದರೂ ಬೇಕು ಎಂದರು. ಬಸ್ಸುಗಳಲ್ಲಿ ಬಂದವರೆಲ್ಲ ಎದ್ದು ಹೊರಟರು. ಅಮ್ಮ ಶಾಲು ಬಿಗಿದುಕೊಂಡು, "ಇನ್ನೊಮ್ಮೆ ನೋಡಿಯೇ ಹೋಗೋಣ" ಎಂದಳು. ಗೈಡ್ ಗಾಡಿಗೆ ಹೋಗಿ ಕಾಫಿಯ ಫ್ಲಾಸ್ಕ್, ಇನ್ನೊಂದು ಕಂಬಳಿ ತಂದರು.