ಮನೆಯವರಂತಿರುವ ಗೆಳೆಯರನ್ನು ಏನೆಂದು ಕರೆಯುವುದು?

ರಕ್ತಸಂಬಂಧವಿಲ್ಲ, ಮದುವೆಯಿಂದ ಬಂದ ನೆಂಟಸ್ತನವೂ ಇಲ್ಲ. ಆದರೂ ಹಬ್ಬದ ದಿನ ಅವರು ಬರದೆ ಎಲೆ ಹಾಕುವುದಿಲ್ಲ, ಆಸ್ಪತ್ರೆಗೆ ಮೊದಲು ಓಡಿಬರುವವರೂ ಅವರೇ. ಇಂಥವರಿಗೆ ಎಲ್ಲ ಕಡೆಗೂ ಹೊಂದುವ ಒಂದೇ ಪದ ಕನ್ನಡದಲ್ಲಿಲ್ಲ. ಎದುರಿಗೆ ಕರೆಯುವ ಪದ ಬೇರೆ, ಮೂರನೆಯವರಿಗೆ ಪರಿಚಯಿಸುವ ಪದ ಬೇರೆ, ಲಗ್ನಪತ್ರಿಕೆಯಲ್ಲಿ ಅಚ್ಚಾಗುವುದು ಬೇರೆ, ಅರ್ಜಿಯಲ್ಲಿ ತುಂಬುವುದು ಬೇರೆ. ಕೇಳಿಸಿಕೊಳ್ಳುವವರು ಯಾರು ಎಂದು ಮೊದಲು ನೋಡಿಕೊಂಡರೆ ಅರ್ಧ ಗೊಂದಲ ಅಲ್ಲೇ ತೀರುತ್ತದೆ.

ಪರಿಚಯಿಸುವಾಗ

ಹೆಚ್ಚು ಎಡವುವುದು ಇಲ್ಲೇ. ಪ್ರೀತಿಯಿಂದ ಬಾಯಿಗೆ ಬರುವ ಎರಡು ಪದಗಳು ಬೇರೆಯೇ ಅರ್ಥ ಕೊಡುತ್ತವೆ. ಮೊದಲನೆಯದು ‘ನಮ್ಮ ಮನೆಯವರು’. ಮದುವೆಯಾದ ಹೆಂಗಸು ಹೀಗೆಂದರೆ ಗಂಡ ಎಂದೂ, ಗಂಡಸು ಹೀಗೆಂದರೆ ಹೆಂಡತಿ ಎಂದೂ ಕೇಳುವವರು ತಿಳಿಯುತ್ತಾರೆ. ‘ನಮ್ಮ ಮನೆಯವರಲ್ಲೇ ಒಬ್ಬರು’ ಅಥವಾ ‘ಮನೆಯವರ ಹಾಗೆ’ ಎಂದರೆ ಆ ತೊಡಕಿಲ್ಲ. ಎರಡನೆಯದು ‘ನಮ್ಮವರು’. ಪದವೇನೋ ಚೆಂದದ್ದೇ, ಆದರೆ ‘ಇವರು ನಮ್ಮವರೇ’ ಎಂದಾಗ ಬಹಳ ಮಂದಿಗೆ ಕೇಳಿಸುವುದು ‘ನಮ್ಮ ಜಾತಿಯವರು’ ಎಂದು. ಜಾತಿ ಮೀರಿ ಬೆಳೆದ ಸ್ನೇಹಕ್ಕೆ ಆ ಅರ್ಥ ಅಂಟಿಕೊಳ್ಳುವುದು ಅನ್ಯಾಯ. ಮಾತಿನಲ್ಲಿ ಅದನ್ನು ಬಿಡುವುದು ಒಳ್ಳೆಯದು.

ಗೆಳತಿ, ಗೆಳೆಯ ಎಂಬುವು ಅಪ್ಪಟ ಕನ್ನಡದ ಪದಗಳು. ಆದರೆ ಪತ್ರಿಕೆಗಳೂ ಟಿವಿಯೂ ಪ್ರೇಮಿಗಳ ವಿಚಾರದಲ್ಲಿ ಅವನ್ನೇ ಬಳಸುತ್ತಿರುವುದರಿಂದ ಗಂಡಸೊಬ್ಬ ‘ಇವಳು ನನ್ನ ಗೆಳತಿ’ ಎಂದರೆ ಕೇಳಿದವರ ಹುಬ್ಬು ಏರುತ್ತದೆ. ಗಂಡು ಹೆಣ್ಣಿನ ನಡುವಿನ ಸ್ನೇಹಕ್ಕೆ ‘ಸ್ನೇಹಿತೆ’, ‘ಸ್ನೇಹಿತ’ ಎನ್ನುವುದೇ ಕ್ಷೇಮ. ಹೆಂಗಸರಿಬ್ಬರ ನಡುವೆಯೋ ಗಂಡಸರಿಬ್ಬರ ನಡುವೆಯೋ ಆದರೆ ಗೆಳತಿ, ಗೆಳೆಯ ಈಗಲೂ ಸಲೀಸು. ‘ಸಂಗಾತಿ’ ಬಾಳಸಂಗಾತಿಯ ಕಡೆಗೆ ವಾಲಿಬಿಟ್ಟಿದೆ. ‘ಒಡನಾಡಿ’ ಒಟ್ಟಿಗೆ ಕೆಲಸ ಮಾಡಿದವರಿಗೆ, ಒಂದೇ ಚಳವಳಿಯಲ್ಲಿ ಇದ್ದವರಿಗೆ ಒಪ್ಪುತ್ತದೆ. ‘ಆಪ್ತರು’, ‘ಆತ್ಮೀಯರು’ ಬರವಣಿಗೆಗೂ ವೇದಿಕೆಗೂ ಸರಿ, ಅಡುಗೆಮನೆಯ ಮಾತಿಗೆ ಬಿಗಿ.

ಮಾತಿನಲ್ಲಿ ಬೆಚ್ಚಗಿರುವುದು ‘ನಮಗೆ ತುಂಬಾ ಬೇಕಾದವರು’ ಎಂಬುದು. ಆದರೆ ಕಚೇರಿಯಲ್ಲಿ, ಕೆಲಸ ಕೇಳಲು ಹೋದಲ್ಲಿ ಅದು ಶಿಫಾರಸಿನ ಮಾತಾಗುತ್ತದೆ, ಅಲ್ಲಿ ಬೇಡ. ‘ಫ್ಯಾಮಿಲಿ ಫ್ರೆಂಡ್’ ಎಂದರೆ ಎರಡು ಮನೆಗಳ ನಡುವೆ ಹೋಗಿಬರುವುದಿದೆ ಎಂದಷ್ಟೇ ಅರ್ಥ. ನಿಮ್ಮೊಬ್ಬರಿಗೇ ಜೀವದಂತಿರುವ ಸ್ನೇಹಿತನಿಗೆ ಅದು ಸಾಲದು.

ಪದ ಸಾಲದು ಅನ್ನಿಸಿದಾಗ ಇನ್ನೂ ದೊಡ್ಡ ಪದ ಹುಡುಕಬೇಡಿ. ಸಾದಾ ಪದದ ಪಕ್ಕ ಒಂದು ಸಂಗತಿ ಇಡಿ: ‘ಇವನು ನನ್ನ ಸ್ನೇಹಿತ, ಹಾಸ್ಟೆಲಿನಲ್ಲಿ ಐದು ವರ್ಷ ಒಂದೇ ರೂಮಿನಲ್ಲಿದ್ವಿ.’ ‘ಇವರು ಸುಮಾ, ನಮ್ಮಮ್ಮನ ಬಾಣಂತನಕ್ಕೆ ನಿಂತವರ ಮಗಳು.’ ಎಷ್ಟು ಹತ್ತಿರ ಎಂಬುದನ್ನು ಆ ಸಂಗತಿಯೇ ಹೇಳುತ್ತದೆ.

ಕರೆಯುವಾಗ: ಯಾವ ಕಡೆಯಿಂದ ಸಂಬಂಧ?

ಗೆಳೆಯರಿಗೆ ಬಂಧುತ್ವದ ಪದ ಕೊಡುವುದು ನಮ್ಮಲ್ಲಿ ಹಳೆಯ ರೂಢಿ. ಹನ್ನೆರಡನೇ ಶತಮಾನದ ಶರಣರಲ್ಲಿ ಬಸವಣ್ಣ, ಅಕ್ಕಮಹಾದೇವಿ ಎಂದು ಅಣ್ಣನೂ ಅಕ್ಕನೂ ಹೆಸರಿನೊಳಗೇ ಕೂಡಿಕೊಂಡಿವೆ. ಆದರೆ ಕನ್ನಡದ ಬಂಧುತ್ವದ ಪದ ಒಂಟಿಯಾಗಿ ಬರುವುದಿಲ್ಲ. ಒಬ್ಬರನ್ನು ಒಂದು ಪದದಿಂದ ಕರೆದ ಕೂಡಲೇ ಅವರ ಹೆಂಡತಿ, ಗಂಡ, ಮಕ್ಕಳು ಎಲ್ಲರಿಗೂ ಜಾಗ ಗೊತ್ತಾಗಿಬಿಡುತ್ತದೆ.

ನೀವು ಗಂಡಸು, ವಯಸ್ಸಿನಲ್ಲಿ ದೊಡ್ಡವನಾದ ಗೆಳೆಯನನ್ನು ಅಣ್ಣ ಎನ್ನುತ್ತೀರಿ ಎಂದುಕೊಳ್ಳಿ. ಅವನ ಹೆಂಡತಿ ಅತ್ತಿಗೆ. ಅವನ ಮಕ್ಕಳಿಗೆ ನೀವು ಚಿಕ್ಕಪ್ಪ, ನಿಮ್ಮ ಮಕ್ಕಳಿಗೆ ಅವನು ದೊಡ್ಡಪ್ಪ. ಎರಡು ಮನೆಯ ಮಕ್ಕಳೂ ಒಡಹುಟ್ಟಿದವರ ಹಾಗೆ. ಹೆಂಗಸರಿಬ್ಬರು ಅಕ್ಕ ತಂಗಿ ಎಂದುಕೊಂಡರೂ ಲೆಕ್ಕ ಹೀಗೆಯೇ: ಅಕ್ಕನ ಗಂಡ ಭಾವ, ಮಕ್ಕಳಿಗೆ ಅವರು ದೊಡ್ಡಮ್ಮ, ಚಿಕ್ಕಮ್ಮ, ಮಕ್ಕಳು ಅಣ್ಣತಮ್ಮಂದಿರು.

ಸ್ನೇಹ ಗಂಡು ಹೆಣ್ಣಿನ ನಡುವಿನದಾದರೆ ಲೆಕ್ಕ ತಿರುಗುತ್ತದೆ. ಆಕೆ ನಿಮಗೆ ತಂಗಿಯಾದರೆ ಆಕೆಯ ಮಕ್ಕಳಿಗೆ ನೀವು ಸೋದರಮಾವ, ನಿಮ್ಮ ಮಕ್ಕಳಿಗೆ ಆಕೆ ಸೋದರತ್ತೆ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಒಡಹುಟ್ಟಿದವರಲ್ಲ. ಕರ್ನಾಟಕದ ಅನೇಕ ಸಮುದಾಯಗಳಲ್ಲಿ ಅವರ ನಡುವೆ ಹೆಣ್ಣು ಕೊಟ್ಟು ತರುವುದು ವಾಡಿಕೆ. ಹಾಗಾಗಿ ಮಕ್ಕಳು ಅಣ್ಣ ತಂಗಿಯಂತೆ ಬೆಳೆಯಲಿ ಎಂಬ ಮನಸ್ಸಿದ್ದರೆ ಸಂಬಂಧವನ್ನು ನಿಮ್ಮ ಹೆಂಡತಿಯ ಮೂಲಕ ತನ್ನಿ. ಹೆಂಡತಿಗೂ ಆಕೆಗೂ ಅಕ್ಕ ತಂಗಿಯ ನಂಟಾದರೆ ಮಕ್ಕಳು ಆಕೆಯನ್ನು ಚಿಕ್ಕಮ್ಮ ಎನ್ನಬಹುದು. ಇದು ಅತಿಯಾಯಿತು ಅನ್ನಿಸಬಹುದು. ಆದರೆ ಮನೆಯ ಅಜ್ಜಿಯರು ಈ ಲೆಕ್ಕವನ್ನು ಮರೆಯುವುದಿಲ್ಲ, ಬೆಳೆದ ಮಕ್ಕಳನ್ನು ರೇಗಿಸುವಾಗ ಅದನ್ನೇ ಎತ್ತುತ್ತಾರೆ.

ಇನ್ನೊಂದು ಸಾಮಾನ್ಯ ತೊಡಕು: ಗಂಡನೂ ಹೆಂಡತಿಯೂ ಒಬ್ಬನೇ ಗೆಳೆಯನನ್ನು ಅಣ್ಣ ಎನ್ನುವುದು. ಆಗ ಮಗುವಿಗೆ ಅವನು ಅಪ್ಪನ ಕಡೆಯಿಂದ ದೊಡ್ಡಪ್ಪ, ಅಮ್ಮನ ಕಡೆಯಿಂದ ಮಾವ. ಸ್ನೇಹ ಯಾರಿಂದ ಮನೆಗೆ ಬಂತೋ ಅವರ ಕಡೆಯನ್ನೇ ಹಿಡಿಯಿರಿ, ಮಗು ಮಾತು ಕಲಿಯುವ ಮೊದಲೇ ತೀರ್ಮಾನಿಸಿ. ಮೂರು ವರ್ಷ ಮಾಮ ಎಂದ ಮಗುವಿನ ಬಾಯಲ್ಲಿ ದೊಡ್ಡಪ್ಪ ಬರಿಸುವುದು ಕಷ್ಟ. ದೊಡ್ಡಪ್ಪನೋ ಚಿಕ್ಕಪ್ಪನೋ ಎಂಬುದಕ್ಕೆ ಗೆಳೆಯನ ವಯಸ್ಸನ್ನು ಅಪ್ಪನ ವಯಸ್ಸಿನ ಜತೆ ಹೋಲಿಸಬೇಕು.

ಅಂಕಲ್, ಆಂಟಿ ಎಂದರೆ ಈ ತಲೆನೋವೇ ಇಲ್ಲ, ಅವಕ್ಕೆ ಅಪ್ಪನ ಕಡೆ ಅಮ್ಮನ ಕಡೆ ಎಂಬುದಿಲ್ಲ. ಆದರೆ ಅಂಗಡಿಯವರೂ ಅಂಕಲ್, ಎದುರುಮನೆಯವರೂ ಅಂಕಲ್ ಆದಾಗ ಹತ್ತಿರದವರಿಗೆಂದು ಏನೂ ಉಳಿಯುವುದಿಲ್ಲ.

ಗೆಳೆಯನ ಅಪ್ಪ ಅಮ್ಮನಿಗೆ ಅತ್ತೆ, ಮಾವ ಬೇಡ. ಬೆಳೆದವರ ಬಾಯಲ್ಲಿ ಅದು ಗಂಡನ ಅಥವಾ ಹೆಂಡತಿಯ ಮನೆಯವರು ಎಂದಾಗುತ್ತದೆ. ಅಮ್ಮ, ಅಪ್ಪ ಎನ್ನಿ, ಮುಂದೆ ಊರಿನ ಹೆಸರು ಸೇರಿಸಿ: ಹಾಸನದ ಅಮ್ಮ, ಸಾಗರದ ಅಪ್ಪ. ಸ್ವಂತ ತಾಯಿಯ ಜಾಗ ಅಲ್ಲಾಡುವುದಿಲ್ಲ, ಇವರ ಜಾಗವೂ ಗಟ್ಟಿಯಾಗುತ್ತದೆ. ನಿಜವಾದ ನೆಂಟರಲ್ಲೇ ಇಬ್ಬರು ಚಿಕ್ಕಮ್ಮಂದಿರಿದ್ದಾಗ ನಾವು ಮಾಡುವುದೂ ಇದನ್ನೇ.

ಪದವನ್ನು ಎರಡು ಮನೆಯಲ್ಲಿ ಯಾವ ಮನೆಯಿಂದ ಆರಿಸಬೇಕು? ಕರೆಸಿಕೊಳ್ಳುವವರ ಮನೆಯಿಂದ. ಧಾರವಾಡದ ಕಡೆಯ ಗೆಳೆಯನ ಹೆಂಡತಿಗೆ ‘ವೈನಿ’ ಹಿತವಾಗಿ ಕೇಳುತ್ತದೆ, ಗೆಳೆಯ ಮಕ್ಕಳಿಗೆ ‘ಕಾಕಾ’ ಆಗಲಿ. ಉರ್ದು ಮಾತಾಡುವ ಮನೆಯಾದರೆ ಅಮ್ಮನ ಗೆಳತಿ ‘ಖಾಲಾ’. ಆ ಮನೆಯ ಮಕ್ಕಳು ಬಳಸುವ ಪದವನ್ನು ಕೇಳಿ ತಿಳಿದು, ಅವರ ಉಚ್ಚಾರಣೆಯಲ್ಲೇ ಹೇಳಿ.

ನೀನು, ನೀವು ಎಂಬುದನ್ನು ದೊಡ್ಡವರು ತೀರ್ಮಾನಿಸಲಿ. ಅಣ್ಣ ಎನ್ನುತ್ತಲೇ ‘ನೀನು’ ಎನ್ನುವ ಮನೆಗಳು ಬೇಕಾದಷ್ಟಿವೆ, ‘ನೀವು’ ಎನ್ನುವ ಮನೆಗಳೂ ಇವೆ. ಅವರಾಗಿ ‘ನೀನು ಅನ್ನೋ’ ಎಂದ ಮೇಲೆ ಬದಲಾಯಿಸಿ. ಅವರಿಲ್ಲದಾಗ ಹೊರಗಿನವರ ಮುಂದೆ ಮಾತ್ರ ‘ಅಣ್ಣ ಬಂದ’ ಎನ್ನದೆ ‘ಅಣ್ಣ ಬಂದರು’ ಎನ್ನುವುದು ಮರ್ಯಾದೆ.

ಅಚ್ಚಿನಲ್ಲಿ

ಲಗ್ನಪತ್ರಿಕೆಯ ಕೊನೆಯಲ್ಲಿ ‘ಬಂಧುಗಳು ಹಾಗೂ ಇಷ್ಟಮಿತ್ರರು’ ಎಂಬ ಸಾಲಿರುತ್ತದೆ. ಮನೆಯವರಂತಿರುವ ಗೆಳೆಯ ಅದರಲ್ಲಿ ಕಳೆದುಹೋಗಬಾರದು ಎನ್ನಿಸಿದರೆ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ದಂಪತಿಯ ಹೆಸರನ್ನೇ ಹಾಕಿಸಿ. ಸೋದರರ ಹೆಸರು ಮುಗಿದ ಮೇಲೆ, ಹೆಸರಿನ ಪಕ್ಕ ಸಂಬಂಧ ಬರೆಯದೆ. ‘ಸಹೋದರ’ ಎಂದು ಹಾಕಿಸಿದರೆ ಬೀಗರ ಕಡೆಯವರು ಉಡುಗೊರೆ, ಶಾಸ್ತ್ರದ ಲೆಕ್ಕಕ್ಕೆ ಅವರನ್ನೂ ಸೇರಿಸಿಕೊಂಡು ಮುಜುಗರವಾಗುತ್ತದೆ. ಹಿರಿಯರಿಗೆ ಮೊದಲೇ ತಿಳಿಸಿ, ಕರಡನ್ನು ಗೆಳೆಯನಿಗೂ ತೋರಿಸಿ. ನಿಧನದ ಪ್ರಕಟಣೆಯಲ್ಲಿ ‘ಕುಟುಂಬವರ್ಗ ಹಾಗೂ ಆಪ್ತ ಬಳಗ’ ಎಂಬುದು ಸಾಕು. ‘ಬಳಗ’ ನೆಂಟರನ್ನೂ ಗೆಳೆಯರನ್ನೂ ಒಟ್ಟಿಗೆ ಒಳಗೊಳ್ಳುವ ಪದ. ಹೆಸರೇ ಬೇಕಾದ ಗುಂಪಿಗೆ ಊರು ಸೇರಿಸಿದರೂ ಸೊಗಸು. ಜನಪದ ಹಾಡುಗಳನ್ನು ಸಂಗ್ರಹಿಸಿದ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ‘ಹಲಸಂಗಿ ಗೆಳೆಯರು’ ಎಂದೇ ಇಂದಿಗೂ ಪರಿಚಿತರು.

ಅರ್ಜಿಯಲ್ಲಿ

ಇಲ್ಲಿ ಪ್ರೀತಿಯ ಪದ ಬೇಡ. ‘ಸಂಬಂಧ’ ಎಂಬ ಜಾಗದಲ್ಲಿ ‘ಸ್ನೇಹಿತ’ ಎಂದೇ ಬರೆಯಿರಿ. ಅಣ್ಣ ಎಂದು ಬರೆದು ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ಬೇರೆ ಕಂಡರೆ ಬೇಕಾದ ಹೊತ್ತಿಗೆ ಕೆಲಸ ನಿಲ್ಲುತ್ತದೆ.

ಬ್ಯಾಂಕ್ ಖಾತೆಗೆ ಸ್ನೇಹಿತರನ್ನು ನಾಮಿನಿ ಮಾಡಬಹುದು. ಭವಿಷ್ಯನಿಧಿಯಲ್ಲಿ (ಪಿಎಫ್) ಹಾಗಲ್ಲ: ನಿಯಮ ಹೇಳುವ ಅರ್ಥದಲ್ಲಿ ಕುಟುಂಬ ಇರುವವರು ಕುಟುಂಬದವರನ್ನೇ ಹೆಸರಿಸಬೇಕು. ಕುಟುಂಬ ಇಲ್ಲದಾಗ ಸ್ನೇಹಿತನ ಹೆಸರು ಕೊಟ್ಟಿದ್ದರೂ ಮದುವೆಯಾದ ಮೇಲೆ ಅದು ಅಸಿಂಧು, ಹೊಸದಾಗಿ ಕೊಡಬೇಕು. ಸ್ನೇಹಿತರಿಂದ ಬಂದ ಹಣದ ಉಡುಗೊರೆ ಒಂದು ಹಣಕಾಸು ವರ್ಷದಲ್ಲಿ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತ ಆದಾಯವೆಂದು ಲೆಕ್ಕವಾಗುತ್ತದೆ. ನಿಮ್ಮ ಮದುವೆಯಲ್ಲಿ ಬಂದದ್ದಕ್ಕೆ ವಿನಾಯಿತಿ ಇದೆ. 1994ರ ಅಂಗಾಂಗ ಕಸಿ ಕಾಯ್ದೆಯ ‘ಹತ್ತಿರದ ಸಂಬಂಧಿ’ಗಳಲ್ಲಿ ಸ್ನೇಹಿತರಿಲ್ಲ. ಸ್ನೇಹಿತನಿಗೆ ಮೂತ್ರಪಿಂಡ ಕೊಡುವುದಾದರೆ ಅಧಿಕಾರ ಸಮಿತಿಯ ಮುಂದೆ ಸ್ನೇಹವನ್ನು ಸ್ನೇಹವೆಂದೇ ತೋರಿಸಿ ಅನುಮತಿ ಪಡೆಯಬೇಕು, ಹಳೆಯ ಫೋಟೋಗಳೂ ಅಲ್ಲಿ ನೆರವಾಗುತ್ತವೆ.

ಸ್ನೇಹಿತರಿಗೂ ಜಾಗ ಬಿಟ್ಟಿರುವ ಇನ್ನೊಂದು ಕಾನೂನು 2017ರ ಮಾನಸಿಕ ಆರೋಗ್ಯ ಕಾಯ್ದೆ. ವಯಸ್ಕರಾದ ಯಾರನ್ನಾದರೂ, ಅವರು ಒಪ್ಪಿದರೆ, ನಿಮ್ಮ ನಾಮನಿರ್ದೇಶಿತ ಪ್ರತಿನಿಧಿಯನ್ನಾಗಿ, ಅಂದರೆ ಮಾನಸಿಕ ಚಿಕಿತ್ಸೆಯ ವಿಚಾರದಲ್ಲಿ ನಿಮ್ಮ ಪರವಾಗಿ ನಿಲ್ಲುವವರನ್ನಾಗಿ, ಮಾಡಬಹುದು. ಬಿಳಿ ಹಾಳೆಯ ಮೇಲೆ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿದರೆ ಸಾಕು. ಒಂದು ಪ್ರತಿ ನಿಮ್ಮಲ್ಲಿರಲಿ, ಇನ್ನೊಂದನ್ನು ಆ ಸ್ನೇಹಿತರ ಕೈಗೇ ಕೊಡಿ.