ಪ್ರೀಮಿಯಂ ಪೆಟ್ರೋಲ್ ಗಿಟ್ಟುತ್ತದೆಯೇ? ಎರಡು ಪಿಕಪ್‌ಗಳ ಲೆಕ್ಕದ ಪುಸ್ತಕದಿಂದ ನನ್ನ ಅನುಭವ

ನಾನು ಎರಡು ಪೆಟ್ರೋಲ್ ಪಿಕಪ್ ಟ್ರಕ್ಕುಗಳನ್ನು ಬಾಡಿಗೆ ಸಾಗಣೆಗೆ ಓಡಿಸುತ್ತೇನೆ. ಹಳೆಯದು ಟರ್ಬೊ ಇಲ್ಲದ, ಪೋರ್ಟ್ ಇಂಜೆಕ್ಷನ್‌ನ ನಾಲ್ಕು ಸಿಲಿಂಡರಿನ ಗಾಡಿ. ಕಂಪ್ರೆಷನ್ ಅನುಪಾತ 9.5ರ ಆಸುಪಾಸು, ಓಡಿರುವುದು ಸುಮಾರು 2,40,000 ಕಿ.ಮೀ. ಹೊಸದು ಜೋಡಿ ಟರ್ಬೊ ಇರುವ, ಡೈರೆಕ್ಟ್ ಇಂಜೆಕ್ಷನ್‌ನ ವಿ6. ಎರಡೂವರೆ ಟನ್ನಿನ ಟ್ರೇಲರ್ ಎಳೆಯುವುದು ಅದರ ಮುಖ್ಯ ಕೆಲಸ. ಒಂದು ಕಾಲದಲ್ಲಿ ಇವೆರಡಕ್ಕೂ ಕಣ್ಣುಮುಚ್ಚಿ ಪ್ರೀಮಿಯಂ ಹಾಕಿಸುತ್ತಿದ್ದೆ. ಆಮೇಲೆ ಸಿಟ್ಟಿನಿಂದ ಎರಡಕ್ಕೂ ನಿಲ್ಲಿಸಿದೆ. ಈಗ ಮಾಡುತ್ತಿರುವುದು ಇವೆರಡೂ ಅಲ್ಲ, ಮತ್ತು ನನ್ನ ಪಾಲುದಾರರೂ ಮೆಕ್ಯಾನಿಕ್ಕೂ ಇದು ಆಗುವ ಹೋಗುವ ಮಾತಲ್ಲ ಎಂದು ಹೇಳಿದ್ದರಿಂದಲೇ ಇದನ್ನು ಬರೆದಿಡಬೇಕೆನಿಸಿತು.

ದರ ದಿನಕ್ಕೊಂದು ತೆರನಾಗಿರುವುದರಿಂದ ಹಣವನ್ನು ನಾನು ಸಾಮಾನ್ಯ ಪೆಟ್ರೋಲಿನ ಲೀಟರಿನಲ್ಲೇ ಲೆಕ್ಕ ಹಿಡಿಯುತ್ತೇನೆ. ಆಕ್ಟೇನ್ ಎಂದರೆ ಪೆಟ್ರೋಲ್ ಹೊತ್ತಿಗೆ ಮೊದಲೇ ತಾನಾಗಿ ಹತ್ತಿಕೊಳ್ಳದಂತೆ ತಡೆಯುವ ಗುಣದ ಅಳತೆ. ನಾನು ಹಾಕಿಸುವ 98 ಆಕ್ಟೇನಿನ ಪ್ರೀಮಿಯಂ, 91ರ ಸಾಮಾನ್ಯ ಪೆಟ್ರೋಲಿಗಿಂತ ಸರಿಸುಮಾರು ಶೇ. 18ರಷ್ಟು ದುಬಾರಿ. ಎರಡೂ ಗಾಡಿ ಸೇರಿ ವರ್ಷಕ್ಕೆ 12,000 ಲೀಟರ್ ಕುಡಿಯುತ್ತವೆ. ಅಂದರೆ ಕಣ್ಣುಮುಚ್ಚಿ ಹಾಕಿಸಿದ ಆ ವರ್ಷ ನಾನು ತೆತ್ತ ಹೆಚ್ಚುವರಿ ಹಣದಲ್ಲಿ 2,100 ಲೀಟರಿಗೂ ಮೀರಿ ಸಾಮಾನ್ಯ ಪೆಟ್ರೋಲ್ ಬರುತ್ತಿತ್ತು. ಕಳೆದ ವರ್ಷ ಅದೇ ಬಾಬ್ತಿನಲ್ಲಿ ಹೋದದ್ದು 140 ಲೀಟರಿನಷ್ಟು. ಏರಿನಲ್ಲಿ ಎಳೆತ ಕಡಿಮೆಯಾಗಿಲ್ಲ.

ಮೊದಲ ಪೆಟ್ಟು ಹಳೆಯ ಗಾಡಿಯಿಂದ ಬಿತ್ತು. ಅರ್ಧ ಆಕ್ಸಿಲರೇಟರಿನಲ್ಲಿ ಹೋಗುವಾಗ ಡಬ್ಬಿಯಲ್ಲಿ ಕಲ್ಲು ಕುಲುಕಿದಂತೆ ನಾಕಿಂಗ್ ಸದ್ದು, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ತಾನಾಗಿ ಸಿಡಿಯುವ ಸದ್ದು, ಶುರುವಾಯಿತು. ಪ್ರೀಮಿಯಂ ಹಾಕಿಸಿದೆ, ಸದ್ದು ನಿಂತಿತು, ನಾನು ಬುದ್ಧಿವಂತನೆಂದುಕೊಂಡೆ. ಹನ್ನೊಂದು ತಿಂಗಳು ಹಾಗೆಯೇ ನಡೆಯಿತು. ಕೊನೆಗೆ ಬೇರಾವುದೋ ಕೆಲಸಕ್ಕೆಂದು ಇನ್‌ಟೇಕ್ ಬಿಚ್ಚಿದಾಗ ಸುಟ್ಟ ಹೊಗೆಯನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ಮಸಿ ಕಟ್ಟಿ ಮುಚ್ಚಿದ ಸ್ಥಿತಿಯಲ್ಲೇ ಅಂಟಿಕೊಂಡಿದ್ದು ಕಣ್ಣಿಗೆ ಬಿತ್ತು. ಸುಟ್ಟ ಹೊಗೆಯ ಒಂದು ಪಾಲು ಸಿಲಿಂಡರಿಗೆ ಮರಳದಿದ್ದರೆ ಉರಿಯ ಬಿಸಿ ಏರುತ್ತದೆ, ಏರಿದರೆ ನಾಕಿಂಗ್ ಬರುತ್ತದೆ ಎಂಬುದು ನನಗೂ ಗೊತ್ತಿದ್ದದ್ದೇ. ಆದರೆ ಹೆಚ್ಚು ಆಕ್ಟೇನಿನ ಪೆಟ್ರೋಲ್ ಆ ಸದ್ದನ್ನು ಮುಚ್ಚಿಹಾಕಿದ್ದರಿಂದ ಹುಡುಕುವ ಗೋಜಿಗೇ ಹೋಗಿರಲಿಲ್ಲ. ವಾಲ್ವ್ ಶುಚಿ ಮಾಡಿಸಲು ಆದ ಖರ್ಚು ಆ ಗಾಡಿಯ ಎರಡು ತಿಂಗಳ ಪ್ರೀಮಿಯಂ ಹೆಚ್ಚುವರಿಗೆ ಸಮವಾಗಿತ್ತು, ಉಳಿದ ಒಂಬತ್ತು ತಿಂಗಳಿನದು ನನ್ನ ಸೋಮಾರಿತನದ ದಂಡ. ಅಂದಿನಿಂದ ಅದು 91ರಲ್ಲೇ ಸದ್ದಿಲ್ಲದೆ ಓಡುತ್ತಿದೆ, ಮೈಲೇಜಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಸಾಮಾನ್ಯ ಪೆಟ್ರೋಲಿಗೆಂದೇ ಮಾಡಿದ ಎಂಜಿನ್ನಿಗೆ ಪ್ರೀಮಿಯಂ ಹಾಕಿದರೆ ಅದಕ್ಕೆ ಮುಂದೆ ತಳ್ಳಲು ಟೈಮಿಂಗ್, ಅಂದರೆ ಸ್ಪಾರ್ಕ್ ಪ್ಲಗ್ಗಿನ ಕಿಡಿ ಹಾರುವ ಹೊತ್ತು, ಉಳಿದಿರುವುದೇ ಇಲ್ಲ. ಪ್ರೀಮಿಯಂ ಎಂದರೆ ಲೀಟರಿಗೆ ಹೆಚ್ಚು ಶಕ್ತಿ ಎಂದು ಇಂದಿಗೂ ನಂಬಿರುವ ಚಾಲಕರಿದ್ದಾರೆ. ಅವರೊಡನೆ ವಾದಿಸುವುದನ್ನು ನಾನು ಬಿಟ್ಟಿದ್ದೇನೆ.

ಎರಡನೆಯ ಪೆಟ್ಟು ನನ್ನ ಓದಿನದು. ಹೊಸ ಗಾಡಿಯ ಕೈಪಿಡಿಯಲ್ಲಿ ಕನಿಷ್ಠ 87, ಭಾರ ಎಳೆಯುವಾಗ 91 ಎಂದು ಬರೆದಿತ್ತು. ಬಂಕಿನ ಪಂಪಿನ ಮೇಲೆ 91 ಎಂದಿತ್ತು. ಸರಿಯಾಯಿತೆಂದು ಹಾಕಿಸುತ್ತಾ ಹೋದೆ. ಕೈಪಿಡಿಯ ಸಂಖ್ಯೆ ಅಮೆರಿಕದ ರೀತಿಯದು, ಅಂದರೆ ಆಕ್ಟೇನ್ ಅಳೆಯುವ ಎರಡು ವಿಧಾನಗಳಾದ ಆರ್‌ಒಎನ್ ಮತ್ತು ಎಂಒಎನ್‌ಗಳ ಸರಾಸರಿ. ಪಂಪಿನದು ಬರೀ ಆರ್‌ಒಎನ್. ಎರಡರ ನಡುವೆ ನಾಲ್ಕೈದು ಅಂಕಗಳ ಅಂತರವಿರುತ್ತದೆ. ಕೈಪಿಡಿಯ 87 ಎಂದರೆ ಪಂಪಿನ 91, ಕೈಪಿಡಿಯ 91 ಎಂದರೆ ಪಂಪಿನ 95ರಿಂದ 96. ಹೀಗಾಗಿ ನಾನು ಟ್ರೇಲರ್ ಕಟ್ಟಿಕೊಂಡು ನಾಲ್ಕು ತಿಂಗಳು ಓಡಿಸಿದ್ದು ಶಿಫಾರಸಿನ ಇಂಧನದಲ್ಲಲ್ಲ, ಕನಿಷ್ಠದಲ್ಲಿ. ಎಂಜಿನ್ ಕೆಡಲಿಲ್ಲ, ಏಕೆಂದರೆ ನಾಕಿಂಗ್ ಗುರುತಿಸಿ ಟೈಮಿಂಗನ್ನು ಹಿಂದೆ ಸರಿಸುವ ನಾಕ್ ಸೆನ್ಸರ್ ತನ್ನ ಕೆಲಸ ಮಾಡುತ್ತಿತ್ತು. ಆದರೆ ಬಿಸಿಲಿನಲ್ಲಿ ಉದ್ದದ ಏರು ಸಿಕ್ಕರೆ ಗಾಡಿ ಸೋಲುತ್ತಿತ್ತು, ಗೇರು ಮೇಲಕ್ಕೂ ಕೆಳಕ್ಕೂ ಜಿಗಿಯುತ್ತಿತ್ತು.

ಇದನ್ನು ಕಂಡುಕೊಂಡ ಮೇಲೆ ಅತ್ತಣ ಅತಿಗೆ ಹೋಗಿ ಆ ಗಾಡಿಗೆ ಪೂರ್ತಿ 98 ಹಾಕಿಸಿ, ಒಂದೇ ಟ್ಯಾಂಕಿನ ಲೆಕ್ಕ ನೋಡಿ, ಮೈಲೇಜ್ ಶೇ. 12 ಏರಿತೆಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಮುಂದಿನ ಟ್ಯಾಂಕಿನಲ್ಲಿ ಅದು ಶೇ. 1ಕ್ಕೆ ಇಳಿದು ಮಾನ ಹೋಯಿತು. ಮೊದಲ ಸಲ ಗಾಳಿ ಬೆನ್ನಿಗಿತ್ತು, ಪಂಪಿನ ನಳಿಕೆ ಎರಡು ಮೂರು ಲೀಟರ್ ಮೊದಲೇ ಕಟ್ ಆಗಿತ್ತು, ತಳದಲ್ಲಿ ಹಳೆಯ ಪೆಟ್ರೋಲ್ ಉಳಿದಿತ್ತು. ಒಂದು ಟ್ಯಾಂಕಿನ ಮೈಲೇಜನ್ನು ನಂಬಿ ಯಾರಾದರೂ ಏನಾದರೂ ಹೇಳಿದರೆ ನಾನು ಈಗ ನಕ್ಕು ಸುಮ್ಮನಾಗುತ್ತೇನೆ, ಏಕೆಂದರೆ ಆ ಮಾತನ್ನು ನಾನೇ ಎಲ್ಲರಿಗಿಂತ ಜೋರಾಗಿ ಹೇಳಿದವನು.

ಆಮೇಲೆ ಹಿಡಿದ ಕ್ರಮ ಇದು. ಒಂದೇ ಬಂಕು, ಒಂದೇ ಪಂಪು, ಒಂದೇ ದಾರಿ, ಒಂದೇ ಟ್ರೇಲರ್, ಒಂದೇ ತೂಕ. ಇಂಧನ ಬದಲಿಸಿದಾಗ ಎಂಜಿನ್ ಕಂಪ್ಯೂಟರ್ ಹೊಸ ಆಕ್ಟೇನಿಗೆ ಹೊಂದಿಕೊಳ್ಳಲೆಂದು ಮೊದಲ ಟ್ಯಾಂಕನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟು, ಮುಂದಿನ ಮೂರನ್ನು ಮಾತ್ರ ಬರೆದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೈಲೇಜನ್ನು ಎರಡನೆಯ ಸ್ಥಾನಕ್ಕೆ ತಳ್ಳಿ, ಎಂಜಿನ್ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಓಬಿಡಿ ರೀಡರಿನಲ್ಲಿ ಸ್ಪಾರ್ಕ್ ಟೈಮಿಂಗ್ ಎಷ್ಟು ಹಿಂದೆ ಸರಿಯುತ್ತಿದೆ, ಒಳಬರುವ ಗಾಳಿಯ ಬಿಸಿ ಎಷ್ಟು, ಗಾಳಿಯೊಡನೆ ಪೆಟ್ರೋಲಿನ ಪಾಲು ಹೆಚ್ಚಿ ಮಿಶ್ರಣ ಯಾವಾಗ ಗಟ್ಟಿಯಾಗುತ್ತಿದೆ ಎಂಬ ಮೂರನ್ನು ದಾಖಲಿಸಿದೆ. ಪೆಟ್ರೋಲಿನ ಹಣ ಎಲ್ಲಿ ಸೋರುತ್ತದೆ ಎಂಬುದು ಅಲ್ಲಿ ಗೊತ್ತಾಯಿತು. ಖಾಲಿ ಗಾಡಿ ಸಮತಟ್ಟಿನಲ್ಲಿ ಹೋಗುವಾಗ 91ರಲ್ಲೂ ಟೈಮಿಂಗ್ ಹಿಂದೆ ಸರಿಯುವುದೇ ಇಲ್ಲವೆನ್ನಬಹುದು. ಟ್ರೇಲರ್ ಕಟ್ಟಿ ಬಿಸಿಲಿನ ಏರಿಗೆ ಹೋದರೆ ಆರೇಳು ಡಿಗ್ರಿ ಸರಿಯುತ್ತದೆ. ಸರಿದಷ್ಟೂ ಉರಿ ತಡವಾಗಿ ಮುಗಿದು ಎಕ್ಸಾಸ್ಟ್ ಕಾಯುತ್ತದೆ. ಕಾದ ಎಕ್ಸಾಸ್ಟಿನಿಂದ ಟರ್ಬೊ ಮತ್ತು ಹೊಗೆ ಶುಚಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಾಪಾಡಲು ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿದು ತಂಪು ಮಾಡುತ್ತದೆ. ನಾವು ದುಡ್ಡು ಕೊಟ್ಟು ಕೊಂಡ ಪೆಟ್ರೋಲ್ ಅಲ್ಲಿ ಉರಿಯುವುದಕ್ಕಿಂತ ನೀರಿನ ಕೆಲಸ ಮಾಡುತ್ತಿರುತ್ತದೆ. 98ರಲ್ಲಿ ಅದೇ ಏರಿಗೆ ಸರಿದದ್ದು ಒಂದೋ ಎರಡೋ ಡಿಗ್ರಿ, ಮಿಶ್ರಣ ಗಟ್ಟಿಯಾದದ್ದು ತುದಿಯ ಹತ್ತಿರ ಮಾತ್ರ.

ಈಗ ಲೆಕ್ಕ. ಖಾಲಿ ಗಾಡಿಗೆ 91ರಲ್ಲಿ ಲೀಟರಿಗೆ 9.5 ಕಿ.ಮೀ., 98ರಲ್ಲಿ 9.7. ಟ್ರೇಲರ್ ಕಟ್ಟಿ ಸೆಕೆಯಲ್ಲಿ 91ಕ್ಕೆ 5.4, 98ಕ್ಕೆ 5.8. ಈ ಎರಡನೆಯ ಏರಿಕೆ ಶೇ. 7ರಷ್ಟು, ಆದರೆ ಬೆಲೆಯ ಏರಿಕೆ ಶೇ. 18. ಕಿಲೋಮೀಟರಿಗೆ ಹಾಕಿ ನೋಡಿದರೆ ಪೂರ್ತಿ ಪ್ರೀಮಿಯಂನಲ್ಲಿ ಹತ್ತಿರ ಹತ್ತಿರ ಶೇ. 10 ನಷ್ಟ. ಅಮೆರಿಕದ ವಾಹನ ಸವಾರರ ಸಂಘ ಎಎಎ 2017ರಲ್ಲಿ ಪ್ರೀಮಿಯಂ ಶಿಫಾರಸು ಇರುವ, ಆದರೆ ಕಡ್ಡಾಯವಿಲ್ಲದ ವಾಹನಗಳನ್ನು ಪರೀಕ್ಷಿಸಿದಾಗಲೂ ಮೈಲೇಜ್ ಸರಾಸರಿ ಶೇ. 2.7ರಷ್ಟೇ ಏರಿತ್ತು. ಇಂಧನದ ಲೆಕ್ಕವೊಂದನ್ನೇ ಹಿಡಿದರೆ ಪ್ರೀಮಿಯಂ ಗಿಟ್ಟದೆಂದು ನನ್ನ ಪಾಲುದಾರರು ಹೇಳಿದ್ದೇ ಸರಿ. ಆದರೆ ಅದೊಂದೇ ಲೆಕ್ಕವಲ್ಲ ಎಂಬುದು ನನ್ನ ಹಟವಾಗಿತ್ತು, ಏಕೆಂದರೆ ಅದೇ ದಾರಿಯಲ್ಲಿ ನನಗೆ 20ರಿಂದ 25 ನಿಮಿಷ ಉಳಿಯುತ್ತಿತ್ತು ಮತ್ತು ಗೇರ್‌ಬಾಕ್ಸಿನ ಎಣ್ಣೆಯ ಬಿಸಿ ಏಳೆಂಟು ಡಿಗ್ರಿ ಕಡಿಮೆ ತೋರಿಸುತ್ತಿತ್ತು.

ಹಾಗಿದ್ದರೆ ಎರಡು ಪೆಟ್ರೋಲನ್ನೂ ಬೆರೆಸಿದರೆ ಹೇಗೆ ಎಂದು ಕೇಳಿದ್ದಕ್ಕೆ ಮೆಕ್ಯಾನಿಕ್ ತಲೆ ಕೊಡವಿದರು. ಎರಡು ಪೆಟ್ರೋಲೂ ಟ್ಯಾಂಕಿನಲ್ಲಿ ಬೇರೆ ಬೇರೆಯಾಗಿ ಕೂರುತ್ತವೆ, ಕಂಪ್ಯೂಟರ್ ಗೊಂದಲಕ್ಕೆ ಬೀಳುತ್ತದೆ ಎಂಬುದು ಅವರ ವಾದ. ಎರಡೂ ಆಗಲಿಲ್ಲ. ಪೆಟ್ರೋಲಿನೊಂದಿಗೆ ಪೆಟ್ರೋಲ್ ಬೆರೆಯಲು ನಾಲ್ಕು ತಿರುವು ಸಾಕು, ಮತ್ತು 91ನ್ನೂ 98ನ್ನೂ ಸಮಸಮ ಬೆರೆಸಿದರೆ ಹೆಚ್ಚುಕಡಿಮೆ ಅವುಗಳ ನಡುವಿನ ಆಕ್ಟೇನೇ ಸಿಗುತ್ತದೆ. ಸಮಸಮ ಮಿಶ್ರಣದಲ್ಲಿ ಟೈಮಿಂಗ್ ಸರಿದದ್ದು ಮೂರು ಡಿಗ್ರಿಯೊಳಗೆ, ಮೈಲೇಜ್ 5.7, ಬೆಲೆಯ ಹೆಚ್ಚಳ ಶೇ. 9. ಲಾಭದ ಮುಕ್ಕಾಲು ಪಾಲು ಅರ್ಧ ಬೆಲೆಗೆ ಬಂತು. ಕಿಲೋಮೀಟರಿನ ನಷ್ಟ ಶೇ. 3ಕ್ಕೆ ಇಳಿಯಿತು, ಉಳಿದ ಸಮಯಕ್ಕೆ ಅಷ್ಟನ್ನು ನಾನು ಸಂತೋಷದಿಂದ ಕೊಡುತ್ತೇನೆ. ಭಾರವೂ ಸೆಕೆಯೂ ಏರೂ ಕೂಡಿಬಂದ ದಿನಗಳಲ್ಲಿ ಮಾತ್ರ ಈ ಮಿಶ್ರಣ, ಉಳಿದ ದಿನ ಬರೀ 91. ಆ ದಿನಗಳ ಇಂಧನ ಹೊಸ ಗಾಡಿಯ ವರ್ಷದ ಬಳಕೆಯ ಕಾಲು ಭಾಗಕ್ಕಿಂತ ಹೆಚ್ಚಾಗದು, ಮೇಲೆ ಹೇಳಿದ 140 ಲೀಟರಿನ ಗುಟ್ಟು ಅಲ್ಲಿದೆ. ಯಾವ ಬಿಸಿಲಿಗೆ ಎಷ್ಟು ಪಾಲು ಎಂಬ ನನ್ನ ಚೀಟಿಯನ್ನು ಮಾತ್ರ ಇಲ್ಲಿ ಹಾಕುವುದಿಲ್ಲ. ಅದಕ್ಕೆ ಎರಡು ಬೇಸಿಗೆ ಹೋಗಿವೆ, ಅಲ್ಲದೆ ಇನ್ನೊಬ್ಬರ ಎಂಜಿನ್ನಿಗೆ ಅದು ಹೊಂದಲಾರದು. ಯಾವ ಪೆಟ್ರೋಲನ್ನು ಮೊದಲು ಹಾಕಿಸಬೇಕು, ಟ್ಯಾಂಕ್ ಎಷ್ಟು ಖಾಲಿಯಾದಾಗ ಹಾಕಿಸಬೇಕು ಎಂಬುದರಲ್ಲೂ ಒಂದು ಉಪಾಯವಿದೆ, ಅದೂ ನನ್ನ ಬಳಿಯೇ ಇರಲಿ.

ನಡುವೆ ಮಾಡಿದ ಕೆಲವು ಪ್ರಯೋಗಗಳನ್ನೂ ಹೇಳಬೇಕು. ಆಕ್ಟೇನ್ ಹೆಚ್ಚಿಸುವುದೆಂದು ಮಾರುವ ಬಾಟಲಿಗಳನ್ನು ತಂದು ಮೂರು ಟ್ಯಾಂಕಿಗೆ ಸುರಿದೆ. ಅದರ ಮೇಲೆ 30 ಪಾಯಿಂಟ್ ಎಂದು ಬರೆದಿತ್ತು. ಅಲ್ಲಿಯ ಒಂದು ಪಾಯಿಂಟ್ ಎಂದರೆ ಆಕ್ಟೇನಿನ ಹತ್ತನೆಯ ಒಂದು ಭಾಗ ಎಂಬುದು ತಿಳಿದದ್ದು ದುಡ್ಡು ಕೊಟ್ಟ ಮೇಲೆ. ಅಂದರೆ ಮೂರು ಅಂಕ, ಅದೂ ಅವರು ಹೇಳಿದಂತೆ ಆದರೆ. ಅಷ್ಟು ಹಣಕ್ಕೆ ಅರ್ಧ ಟ್ಯಾಂಕ್ 98 ಹಾಕಿಸಿಯೂ ಚಿಲ್ಲರೆ ಉಳಿಯುತ್ತಿತ್ತು, ಮೇಲಾಗಿ ಸ್ಪಾರ್ಕ್ ಪ್ಲಗ್ಗಿನ ತುದಿಗೆ ಮ್ಯಾಂಗನೀಸಿನ ಕೆಂಪು ಪುಡಿ ಹತ್ತಿತ್ತು. ಟರ್ಬೊ ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ರೆಕ್ಕೆಗಳ ನಡುವೆ ಸಿಕ್ಕಿದ್ದ ಕೆಸರು ಮತ್ತು ಹುಳುಗಳನ್ನು ತೊಳೆದದ್ದು ಮಾತ್ರ ಬಿಟ್ಟಿ ಲಾಭ: ಒಳಗಾಳಿಯ ಬಿಸಿ ಆರೇಳು ಡಿಗ್ರಿ ಇಳಿದು, ಟೈಮಿಂಗ್ ಒಂದೂವರೆ ಡಿಗ್ರಿ ಮರಳಿ ಸಿಕ್ಕಿತು. ಇನ್ನು ಟ್ರೇಲರ್ ಇದ್ದಾಗ ವೇಗವನ್ನು ಗಂಟೆಗೆ 100ರಿಂದ 90ಕ್ಕೆ ಇಳಿಸಿದರೆ ಉಳಿಯುವ ಪೆಟ್ರೋಲು ಯಾವ ಪ್ರೀಮಿಯಂಗಿಂತಲೂ ಹೆಚ್ಚು. ಇದನ್ನು ಹೇಳಿದರೆ ಚಾಲಕರಿಗೆ ಹಿಡಿಸುವುದಿಲ್ಲ, ನನಗೂ ಅಷ್ಟೇನೂ ಹಿಡಿಸುವುದಿಲ್ಲ.

ಒಂದು ಬಂಕಿನ ಪ್ರೀಮಿಯಂನಲ್ಲಿ ಮೈಲೇಜ್ ಎದ್ದು ಕಾಣುವಂತೆ ಹೆಚ್ಚು ಬಂದು ನನ್ನನ್ನು ಕೆಲ ವಾರ ದಾರಿ ತಪ್ಪಿಸಿತ್ತು. ವಿಚಾರಿಸಿದರೆ ಅದರಲ್ಲಿ ಎಥೆನಾಲ್ ಇರಲಿಲ್ಲ, ಅಲ್ಲಿಯ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10 ಇತ್ತು. ಎಥೆನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರವಾದ್ದರಿಂದ ಆ ಶೇ. 3ರ ವ್ಯತ್ಯಾಸ ಎಥೆನಾಲಿನದು, ಆಕ್ಟೇನಿನದಲ್ಲ. ಆ ಅಂಕಿಗಳನ್ನು ಪುಸ್ತಕದಿಂದ ಹೊಡೆದುಹಾಕಿದೆ.

ಪ್ರೀಮಿಯಂಗೆ ಶುಚಿಗೊಳಿಸುವ ಗುಣವಿದೆ, ಎಂಜಿನ್ ಒಳಗೆ ಹೊಳೆಯುತ್ತದೆ ಎಂಬ ಮಾತಿಗೂ ನಾನು ಬಲಿಯಾದವನೇ. ಡೈರೆಕ್ಟ್ ಇಂಜೆಕ್ಷನ್ನಿನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಬೀಳುವುದರಿಂದ ಇನ್‌ಟೇಕ್ ವಾಲ್ವಿನ ಬೆನ್ನನ್ನು ಅದು ಮುಟ್ಟುವುದೇ ಇಲ್ಲ, ಮುಟ್ಟದ್ದನ್ನು ತೊಳೆಯುವುದಾದರೂ ಹೇಗೆ? ಸುಮಾರು 90,000 ಕಿ.ಮೀ.ಗೆ ಹೊಸ ಗಾಡಿ ಬೆಳಗಿನ ಹೊತ್ತು ನಡುಗತೊಡಗಿದಾಗ ಬಿಚ್ಚಿಸಿ, ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆಸಿ ಕಾರ್ಬನ್ ತೆಗೆಸಬೇಕಾಯಿತು. ಆ ಬಿಲ್ಲು 500 ಲೀಟರಿಗೆ ಹತ್ತಿರವಿತ್ತು, ಅಷ್ಟೂ ಕಾರ್ಬನ್ ಪ್ರೀಮಿಯಂ ಕುಡಿಯುತ್ತಲೇ ಕಟ್ಟಿದ್ದು.

ಕೈಪಿಡಿಯಲ್ಲಿ ಪ್ರೀಮಿಯಂ ಕಡ್ಡಾಯ ಎಂದಿದ್ದರೆ ನನ್ನ ಮಿಶ್ರಣದ ಆಟ ಅಲ್ಲಿ ನಡೆಯದು, ಹಾಕಲೇಬೇಕು. ಶಿಫಾರಸು ಎಂದಿದ್ದರೆ ಮಾತ್ರ ಈ ಲೆಕ್ಕಕ್ಕೆ ಎಡೆಯಿದೆ. ಟರ್ಬೊ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂಗೆ ಜೋರಾಗಿ ತುಳಿದಾಗ, ಕಿಡಿಗೆ ಮೊದಲೇ ಪೆಟ್ರೋಲ್ ಹತ್ತಿಕೊಂಡು ಬರುವ ಒಂಟಿ ಭಾರಿ ಹೊಡೆತಕ್ಕೆ ಆಕ್ಟೇನನ್ನು ನೆಚ್ಚಿ ಕೂರಬಾರದು. ಅದಕ್ಕೆ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ದರ್ಜೆ ಎಂದಿರುವ ಎಂಜಿನ್ ಎಣ್ಣೆ ಹಾಕಿ, ಏರಿನಲ್ಲಿ ಒಂದು ಗೇರು ಇಳಿಸಿ ಓಡಿಸಬೇಕು.

ಪಾಲುದಾರರು ಈಗಲೂ ನನ್ನ ಶೇ. 3ರ ನಷ್ಟವನ್ನು ತಿಂಗಳ ಕೊನೆಯಲ್ಲಿ ಎತ್ತಿ ತೋರಿಸುತ್ತಾರೆ. ಆದರೆ ಹೋದ ಬೇಸಿಗೆಯಲ್ಲಿ ಅವರೇ ಟ್ರೇಲರ್ ಕಟ್ಟಿಕೊಂಡು ಹೊರಡುವ ಮುನ್ನ, ಇವತ್ತಿನ ಸೆಕೆಗೆ ಎಷ್ಟು ಪಾಲು ಹಾಕಿಸಲಿ ಎಂದು ಫೋನು ಮಾಡಿ ಕೇಳಿದರು. ಅವರಿಗೆ ಹೇಳಿದೆ.